ನಿಕಾಹ್‌ಗೆ ಮುನ್ನ ಒಂದು ರಕ್ತ ಪರೀಕ್ಷೆ

ಮಗು ಹುಟ್ಟಿದ ಮನೆಗೆ ನೋಡಲು ಬಂದವರು ಮೊದಲು ಮಾಡುವ ಕೆಲಸ ಮುಖ ಹೋಲಿಸುವುದು. ಮೂಗು ಅಪ್ಪನದು, ಕಣ್ಣು ಅಜ್ಜಿಯದು, ಬಣ್ಣ ಮಾತ್ರ ಯಾರದೋ ಗೊತ್ತಾಗುತ್ತಿಲ್ಲ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ತಮಾಷೆಗೆ ಆಡಿದ ಈ ಮಾತು ಕೆಲವೊಮ್ಮೆ ಬಾಣಂತಿಯ ಮನಸ್ಸಿಗೆ ಮುಳ್ಳಿನಂತೆ ಚುಚ್ಚುವುದೂ ಉಂಟು.

ಬನೂ ಫಝಾರ ಗೋತ್ರದ ಒಬ್ಬ ವ್ಯಕ್ತಿ ಪ್ರವಾದಿ ಮುಹಮ್ಮದ್(ಸ)ರ ಬಳಿಗೆ ಇಂತಹದೇ ಅನುಮಾನ ಹೊತ್ತು ಬಂದ ಘಟನೆ ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ. ಪತ್ನಿ ಕಪ್ಪು ಬಣ್ಣದ ಮಗುವನ್ನು ಹೆತ್ತಿದ್ದಾಳೆ ಎಂಬುದು ಅವನ ದೂರು. ಪ್ರವಾದಿ(ಸ)ರು ಆ ತಾಯಿಯ ಬಗ್ಗೆ ಏನನ್ನೂ ಕೇಳಲಿಲ್ಲ. ಅವನ ಬಳಿ ಇರುವ ಒಂಟೆಗಳ ಬಣ್ಣವನ್ನು ವಿಚಾರಿಸಿದರು. ಕೆಂಪು ಎಂದ. ಅವುಗಳಲ್ಲಿ ಬೂದು ಬಣ್ಣದ್ದೂ ಇದೆಯೇ ಎಂದು ಕೇಳಿದಾಗ ಇದೆ ಎಂದು ಒಪ್ಪಿಕೊಂಡ. ಅದು ಎಲ್ಲಿಂದ ಬಂತು ಎಂದು ಕೇಳಿದಾಗ, ಹಿಂದಿನ ಯಾವುದೋ ವಂಶದ ಬೇರು ಎಳೆದಿರಬಹುದು ಎಂದು ಅವನೇ ಉತ್ತರಿಸಿದ. ನಿನ್ನ ಮಗನ ವಿಷಯದಲ್ಲೂ ಹಾಗೆಯೇ ಆಗಿರಬಹುದು ಎಂದು ಪ್ರವಾದಿ(ಸ)ರು ಅವನಿಗೆ ತಿಳಿಹೇಳಿದರು.

ಈ ಘಟನೆಯಲ್ಲಿ ಪ್ರತಿಯೊಂದು ಕುಟುಂಬಕ್ಕೂ ಎರಡು ಪಾಠಗಳಿವೆ. ತಂದೆ ತಾಯಿಯಲ್ಲಿ ಕಾಣದ ಗುಣ ಮಗುವಿನಲ್ಲಿ ಕಾಣಿಸಿಕೊಳ್ಳಬಹುದು ಎಂಬುದು ಮೊದಲನೆಯದು. ಅದಕ್ಕಾಗಿ ಯಾರ ಮೇಲೂ ತಪ್ಪು ಹೊರಿಸಬಾರದು ಎಂಬುದು ಎರಡನೆಯದು. ಮಕ್ಕಳಿಗೆ ಮದುವೆ ಸಂಬಂಧ ನೋಡುವಾಗ ಈ ಎರಡೂ ಪಾಠಗಳು ನಿಮಗೆ ಬೇಕಾಗುತ್ತವೆ.

ಅಡಗಿ ಕೂತು ಮರಳಿ ಬರುವ ಗುಣ

ನಮ್ಮ ದೇಹ ಕೋಟ್ಯಂತರ ಜೀವಕೋಶಗಳಿಂದ ಆಗಿದೆ. ಹೆಚ್ಚು ಕಡಿಮೆ ಪ್ರತಿಯೊಂದು ಕೋಶದೊಳಗೂ 46 ವರ್ಣತಂತುಗಳಿವೆ. ಇವು 23 ಜೋಡಿ. ಪ್ರತಿ ಜೋಡಿಯಲ್ಲೂ ಒಂದು ತಂದೆಯಿಂದ, ಇನ್ನೊಂದು ತಾಯಿಯಿಂದ ಬಂದದ್ದು. ವರ್ಣತಂತುಗಳ ಮೇಲೆ ಸಾಲಾಗಿ ಕುಳಿತಿರುವ ವಂಶವಾಹಿಗಳೇ ಜೀನ್‌ಗಳು. ಮನುಷ್ಯನಲ್ಲಿ ಇವು ಸುಮಾರು 20,000. ರಕ್ತ, ಎಲುಬು, ಚರ್ಮ, ಕಣ್ಣು ಹೇಗಿರಬೇಕು ಎಂಬ ಸೂಚನೆಗಳು ಇವುಗಳಲ್ಲೇ ಇವೆ.

ಈ ಗುಣಗಳು ಒಂದು ಲೆಕ್ಕದ ಪ್ರಕಾರ ಹರಿದು ಬರುತ್ತವೆ ಎಂದು ತೋರಿಸಿದವರು ಗ್ರೆಗೊರ್ ಮೆಂಡೆಲ್. ಇಂದಿನ ಚೆಕ್ ಗಣರಾಜ್ಯದಲ್ಲಿರುವ ಬ್ರನೋ ನಗರದ ಕ್ರೈಸ್ತ ಮಠವೊಂದರ ತೋಟದಲ್ಲಿ ಅವರು ವರ್ಷಗಟ್ಟಲೆ ಬಟಾಣಿ ಗಿಡಗಳನ್ನು ಬೆಳೆಸಿ ಎಣಿಸಿದರು. ಎತ್ತರದ ಗಿಡ ಮತ್ತು ಕುಳ್ಳ ಗಿಡಗಳ ತಳಿ ಬೆರೆಸಿದಾಗ ಮೊದಲ ಪೀಳಿಗೆಯಲ್ಲಿ ಎಲ್ಲವೂ ಎತ್ತರವಾದವು. ಕುಳ್ಳ ಗುಣ ಅಳಿದೇ ಹೋಯಿತು ಎನ್ನುವಷ್ಟರಲ್ಲಿ ಮುಂದಿನ ಪೀಳಿಗೆಯಲ್ಲಿ ಅದು ಮತ್ತೆ ಬಂತು. 787 ಗಿಡಗಳು ಎತ್ತರ, 277 ಕುಳ್ಳ. ಅಂದರೆ ಹೆಚ್ಚು ಕಡಿಮೆ ಮೂರಕ್ಕೆ ಒಂದು. 1866ರಲ್ಲಿ ಪ್ರಕಟವಾದ ಈ ಲೆಕ್ಕಕ್ಕೆ ಬೆಲೆ ಬಂದದ್ದು 1900ರಲ್ಲಿ, ಮೆಂಡೆಲ್ ತೀರಿಕೊಂಡು 16 ವರ್ಷಗಳ ನಂತರ.

ಜೋಡಿಯಲ್ಲಿ ಒಂದು ಜೀನ್ ದುರ್ಬಲವಾಗಿದ್ದರೂ ಇನ್ನೊಂದು ಸರಿಯಿದ್ದರೆ ಸಾಮಾನ್ಯವಾಗಿ ಕೆಲಸ ನಡೆದು ಹೋಗುತ್ತದೆ. ಆ ವ್ಯಕ್ತಿ ಆರೋಗ್ಯವಾಗಿಯೇ ಇರುತ್ತಾನೆ, ಆದರೆ ದುರ್ಬಲ ಜೀನನ್ನು ಹೊತ್ತಿರುತ್ತಾನೆ. ಅಂತಹವರನ್ನು ವಾಹಕರು ಎನ್ನುತ್ತಾರೆ. ಎರಡೂ ಕಡೆಯಿಂದ ದುರ್ಬಲ ಜೀನೇ ಬಂದ ಮಗುವಿನಲ್ಲಿ ಮಾತ್ರ ಅಡಗಿದ್ದದ್ದು ಹೊರಗೆ ಕಾಣುತ್ತದೆ.

ಎತ್ತರ, ಚರ್ಮದ ಬಣ್ಣ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಮುಂತಾದವು ಒಂದೇ ಜೀನಿನಿಂದ ನಿರ್ಧಾರವಾಗುವುದಿಲ್ಲ. ಹಲವು ಜೀನ್‌ಗಳ ಜೊತೆಗೆ ಊಟ, ದುಡಿಮೆ, ಪರಿಸರವೂ ಸೇರುತ್ತದೆ. ಆದ್ದರಿಂದ ತಂದೆಗೆ ಸಕ್ಕರೆ ಕಾಯಿಲೆ ಇದ್ದರೆ ನೀವು ಬೇಗ ಪರೀಕ್ಷೆ ಮಾಡಿಸಿಕೊಳ್ಳಿ, ನಡೆಯಿರಿ, ತೂಕ ಇಳಿಸಿ. ಅದು ನಿಮ್ಮ ಕೈಯಲ್ಲಿದೆ. ಆದರೆ ಒಂದೇ ಜೀನಿನಿಂದ ಬರುವ ಕೆಲವು ಕಾಯಿಲೆಗಳನ್ನು ಪಥ್ಯದಿಂದಾಗಲಿ ವ್ಯಾಯಾಮದಿಂದಾಗಲಿ ತಡೆಯಲು ಆಗುವುದಿಲ್ಲ. ಅವುಗಳಲ್ಲಿ ನಮ್ಮ ದೇಶಕ್ಕೆ ಹೆಚ್ಚು ಭಾರವಾಗಿರುವುದು ಥಲಸ್ಸೀಮಿಯಾ.

ಹದಿನೈದು ದಿನಕ್ಕೊಮ್ಮೆ ರಕ್ತ

ಬೀಟಾ ಥಲಸ್ಸೀಮಿಯಾ ಎಂದರೆ ರಕ್ತದ ಹಿಮೋಗ್ಲೋಬಿನ್ ತಯಾರಿಸುವ ಜೀನಿನಲ್ಲಿನ ದೋಷ. ಈ ಜೀನ್ 11ನೆಯ ವರ್ಣತಂತುವಿನಲ್ಲಿದೆ. ಒಂದು ಜೀನ್ ಮಾತ್ರ ದೋಷಪೂರಿತವಾಗಿದ್ದರೆ ಅದು ಥಲಸ್ಸೀಮಿಯಾ ಮೈನರ್. ಭಾರತದಲ್ಲಿ ನೂರಕ್ಕೆ 3ರಿಂದ 4 ಮಂದಿ ಹೀಗೆ ವಾಹಕರಾಗಿದ್ದಾರೆ ಎಂದು ಅಂದಾಜಿಸಲಾಗಿದೆ. ಸ್ವಲ್ಪ ರಕ್ತಹೀನತೆ ಬಿಟ್ಟರೆ ಅವರಿಗೆ ಯಾವ ತೊಂದರೆಯೂ ಇರುವುದಿಲ್ಲ. ಹೆಚ್ಚಿನವರಿಗೆ ತಾವು ವಾಹಕರೆಂದು ಗೊತ್ತೇ ಇರುವುದಿಲ್ಲ.

ಎರಡೂ ಜೀನ್‌ಗಳು ದೋಷಪೂರಿತವಾಗಿದ್ದರೆ ಅದು ಥಲಸ್ಸೀಮಿಯಾ ಮೇಜರ್. ಹುಟ್ಟಿದಾಗ ಮಗು ಗುಂಡು ಗುಂಡಾಗಿ ಚೆನ್ನಾಗಿಯೇ ಇರುತ್ತದೆ. ಗರ್ಭದಲ್ಲಿದ್ದಾಗ ಇರುವ ಬೇರೆ ಬಗೆಯ ಹಿಮೋಗ್ಲೋಬಿನ್ ಕೆಲವು ತಿಂಗಳು ಅದನ್ನು ಕಾಪಾಡುತ್ತದೆ. ಆರು ತಿಂಗಳಿಂದ ಎರಡು ವರ್ಷದೊಳಗೆ ಮಗು ಬಿಳಿಚಿಕೊಳ್ಳುತ್ತದೆ, ಹಾಲು ಕುಡಿಯುವುದಿಲ್ಲ, ಬೆಳವಣಿಗೆ ಕುಂಠಿತವಾಗುತ್ತದೆ, ಹೊಟ್ಟೆ ಉಬ್ಬುತ್ತದೆ. ದೃಷ್ಟಿ ತಾಗಿದೆ ಎಂದು ಊರೂರು ತಿರುಗಿ ಸಮಯ ಕಳೆಯುವವರಿದ್ದಾರೆ.

ಆಮೇಲೆ ಶುರುವಾಗುವುದು ಜೀವನವಿಡೀ ಮುಗಿಯದ ಓಡಾಟ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸಬೇಕು. ಕೊಟ್ಟ ರಕ್ತದಿಂದ ಕಬ್ಬಿಣದ ಅಂಶ ದೇಹದಲ್ಲಿ ಸೇರುತ್ತಾ ಹೋಗಿ ಹೃದಯ ಮತ್ತು ಯಕೃತ್ತನ್ನು ಕೆಡಿಸುತ್ತದೆ. ಅದನ್ನು ಹೊರಹಾಕಲು ಪ್ರತಿದಿನ ಔಷಧಿ ಬೇಕು. ಹೊಂದಾಣಿಕೆಯಾಗುವ ಅಣ್ಣ ತಮ್ಮ ಅಥವಾ ಅಕ್ಕ ತಂಗಿಯ ಅಸ್ಥಿಮಜ್ಜೆ ಸಿಕ್ಕರೆ ಕಸಿ ಮಾಡಿ ಗುಣಪಡಿಸಬಹುದು. ಆದರೆ ಅದು ಎಲ್ಲ ಮಕ್ಕಳಿಗೂ ಸಿಗುವುದಿಲ್ಲ, ಖರ್ಚೂ ಬಹಳ. ಸರಿಯಾದ ಚಿಕಿತ್ಸೆ ಪಡೆದ ಮಕ್ಕಳು ಓದಿ, ಕೆಲಸ ಮಾಡಿ, ಮದುವೆಯಾಗಿ ಬಾಳುತ್ತಿದ್ದಾರೆ. ಹಾಗಾಗಿ ಈಗಾಗಲೇ ಇಂತಹ ಮಗುವಿರುವ ತಂದೆ ತಾಯಿ ನಿರಾಶರಾಗಬೇಕಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಥಲಸ್ಸೀಮಿಯಾವೂ ಸೇರಿರುವುದರಿಂದ ಪ್ರಮಾಣಪತ್ರಕ್ಕಾಗಿ ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.

ನಾಲ್ಕರಲ್ಲಿ ಒಂದು

ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲೂ ಮಗುವಿಗೆ ಮೇಜರ್ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ವಾಹಕವಾಗುವ ಸಾಧ್ಯತೆ ನಾಲ್ಕರಲ್ಲಿ ಎರಡು. ಪೂರ್ತಿ ದೋಷವಿಲ್ಲದೆ ಹುಟ್ಟುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂದಾಯಿತು, ಇನ್ನು ಮೂವರಿಗೆ ಬರುವುದಿಲ್ಲ ಎಂದು ಹೇಳುವವರ ಮಾತು ನಂಬಬೇಡಿ. ಪ್ರತಿ ಗರ್ಭಕ್ಕೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಒಬ್ಬರು ಮಾತ್ರ ವಾಹಕರಾಗಿದ್ದು ಇನ್ನೊಬ್ಬರ ಜೀನ್‌ಗಳು ಸರಿಯಿದ್ದರೆ ಯಾವ ಮಗುವಿಗೂ ಮೇಜರ್ ಬರುವುದಿಲ್ಲ.

ಇಲ್ಲಿ ತಂದೆಯ ಪಾಲು ಎಷ್ಟೋ ತಾಯಿಯ ಪಾಲೂ ಅಷ್ಟೇ. ಸೊಸೆಯಿಂದ ಮನೆಗೆ ಕಾಯಿಲೆ ಬಂತು ಎನ್ನುವ ಅತ್ತೆಯಂದಿರು ಇದನ್ನು ನೆನಪಿಡಬೇಕು. ಹೆಣ್ಣು ಮಗು ಹುಟ್ಟಿತೆಂದು ಸೊಸೆಯನ್ನು ಹಂಗಿಸುವವರಿಗೂ ಇದೇ ಉತ್ತರ. ತಾಯಿಯಿಂದ ಯಾವಾಗಲೂ ಎಕ್ಸ್ ವರ್ಣತಂತುವೇ ಬರುತ್ತದೆ. ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಅದನ್ನು ಆರಿಸುವ ಶಕ್ತಿ ತಂದೆಗೂ ಇಲ್ಲ.

ಸಂಬಂಧದೊಳಗೆ ಸಂಬಂಧ

ಕುರ್‌ಆನಿನ ಅನ್ನಿಸಾ ಅಧ್ಯಾಯದಲ್ಲಿ ಯಾರನ್ನು ಮದುವೆಯಾಗಬಾರದು ಎಂಬ ಪಟ್ಟಿಯಿದೆ. ಅಣ್ಣ ತಮ್ಮಂದಿರ ಮಗಳು, ಅಕ್ಕ ತಂಗಿಯರ ಮಗಳು ಅದರಲ್ಲಿದ್ದಾರೆ. ಮಾಮನ, ಅತ್ತೆಯ, ಚಿಕ್ಕಪ್ಪ ದೊಡ್ಡಪ್ಪಂದಿರ, ಚಿಕ್ಕಮ್ಮ ದೊಡ್ಡಮ್ಮಂದಿರ ಮಕ್ಕಳೊಡನೆ ಮದುವೆಗೆ ಅನುಮತಿಯಿದೆ. ಆದರೆ ಅನುಮತಿ ಬೇರೆ, ಕಡ್ಡಾಯ ಬೇರೆ. ದಕ್ಷಿಣ ಭಾರತದಲ್ಲಿ ರಕ್ತ ಸಂಬಂಧದ ಮದುವೆ ನಮ್ಮಲ್ಲಿ ಮಾತ್ರವಲ್ಲ, ಇತರ ಸಮುದಾಯಗಳಲ್ಲೂ ಇದೆ. ಆಸ್ತಿ ಹೊರಗೆ ಹೋಗಬಾರದು, ಹುಡುಗಿ ಕಣ್ಣೆದುರೇ ಇರುತ್ತಾಳೆ, ವರದಕ್ಷಿಣೆಯ ಕಾಟವಿರುವುದಿಲ್ಲ ಎಂಬ ಕಾರಣಗಳೂ ಎಲ್ಲ ಕಡೆ ಒಂದೇ.

ಇದರಲ್ಲಿರುವ ಅಪಾಯವನ್ನು ಲೆಕ್ಕ ಹಾಕಿ ನೋಡಿ. ಅಜ್ಜ ಥಲಸ್ಸೀಮಿಯಾ ವಾಹಕ ಎಂದಿಟ್ಟುಕೊಳ್ಳಿ. ಆ ಜೀನ್ ಅವರ ಮಗನಿಗೆ ಬರುವ ಸಾಧ್ಯತೆ ಅರ್ಧ, ಮಗಳಿಗೆ ಬರುವ ಸಾಧ್ಯತೆಯೂ ಅರ್ಧ. ಅವರಿಂದ ಮೊಮ್ಮಕ್ಕಳಿಗೆ ಮತ್ತೆ ಅರ್ಧರ್ಧ. ಆ ಮಗನ ಮಗನಿಗೆ ಮಗಳ ಮಗಳನ್ನು ತಂದರೆ ಇಬ್ಬರೂ ಅಜ್ಜನ ಜೀನಿನ ವಾಹಕರಾಗಿರುವ ಸಾಧ್ಯತೆ 16ರಲ್ಲಿ ಒಂದು. ಅದೇ ಮೊಮ್ಮಗ ಸಂಬಂಧವಿಲ್ಲದ ಕುಟುಂಬದಿಂದ ಹೆಣ್ಣು ತಂದರೆ ಇಬ್ಬರೂ ವಾಹಕರಾಗಿರುವ ಸಾಧ್ಯತೆ ಸುಮಾರು 100ರಲ್ಲಿ ಒಂದು. ಥಲಸ್ಸೀಮಿಯಾದಂತೆಯೇ ಹುಟ್ಟು ಕಿವುಡಿನ ಕೆಲವು ಬಗೆಗಳು ಮತ್ತು ಇನ್ನೂ ಅನೇಕ ಅಪರೂಪದ ಕಾಯಿಲೆಗಳೂ ಹೀಗೆ ಅಡಗಿದ ಜೀನ್‌ಗಳಿಂದಲೇ ಬರುತ್ತವೆ.

ಹಾಗೆಂದು ಸಂಬಂಧದಲ್ಲಿ ಮದುವೆಯಾದವರೆಲ್ಲ ಹೆದರಬೇಕಿಲ್ಲ. ಯಾವುದೇ ದಂಪತಿಗೆ ಹುಟ್ಟು ದೋಷವಿರುವ ಮಗು ಆಗುವ ಸಾಧ್ಯತೆ ನೂರಕ್ಕೆ 2ರಿಂದ 3 ಇದ್ದರೆ, ಅಣ್ಣ ತಮ್ಮ ಅಕ್ಕ ತಂಗಿಯರ ಮಕ್ಕಳು ತಮ್ಮೊಳಗೆ ಮದುವೆಯಾದಾಗ ಅದು ಸುಮಾರು 4ರಿಂದ 6. ಅಂದರೆ ಇಂತಹ ದಂಪತಿಗಳ ಹೆಚ್ಚಿನ ಮಕ್ಕಳು ಆರೋಗ್ಯವಂತರೇ. ಆದರೆ ತಲೆಮಾರು ತಲೆಮಾರಾಗಿ ಒಳಗೊಳಗೇ ಮದುವೆಗಳಾದ ಮನೆಗಳಲ್ಲಿ, ಮೊದಲೇ ಇಂತಹ ಮಗು ಹುಟ್ಟಿದ ಮನೆಗಳಲ್ಲಿ ಅಪಾಯ ಇದಕ್ಕಿಂತ ಹೆಚ್ಚು. ಹೊರಗಿನ ಸಂಬಂಧವೂ ಪೂರ್ತಿ ರಕ್ಷಣೆಯಲ್ಲ. ಪರೀಕ್ಷೆ ಇಬ್ಬರಿಗೂ ಬೇಕು.

ಪರೀಕ್ಷೆ ಯಾವುದು, ಯಾವಾಗ?

ಮೊದಲು ಸಾಮಾನ್ಯ ರಕ್ತ ಪರೀಕ್ಷೆಯಾದ ಸಿಬಿಸಿ. ಅದರಲ್ಲಿ ಕೆಂಪು ಕಣಗಳ ಗಾತ್ರ ಚಿಕ್ಕದಾಗಿದ್ದರೆ ಅನುಮಾನಕ್ಕೆ ಕಾರಣವಿದೆ. ಆಮೇಲೆ ಎಚ್‌ಪಿಎಲ್‌ಸಿ ಎಂಬ ವಿಧಾನದಿಂದ ಹಿಮೋಗ್ಲೋಬಿನ್ ಎ2 ಪ್ರಮಾಣ ಅಳೆಯುತ್ತಾರೆ. ಇದು ಸಾಮಾನ್ಯವಾಗಿ ಶೇ. 3.5ಕ್ಕಿಂತ ಹೆಚ್ಚಿದ್ದರೆ ಬೀಟಾ ಥಲಸ್ಸೀಮಿಯಾ ವಾಹಕ ಎಂದರ್ಥ. ಕುಡುಗೋಲು ಕಣ ರೋಗವೂ ಇದೇ ಪರೀಕ್ಷೆಯಲ್ಲಿ ತಿಳಿಯುತ್ತದೆ. ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಕು. ಮದುವೆ ಖರ್ಚಿನ ಮುಂದೆ ಇದರ ಖರ್ಚು ಏನೂ ಅಲ್ಲ.

ಕಬ್ಬಿಣದ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೂ ನಿಮ್ಮ ಮಗಳ ರಕ್ತ ಏರದಿದ್ದರೆ ಈ ಪರೀಕ್ಷೆಯ ಬಗ್ಗೆ ವೈದ್ಯರಲ್ಲಿ ಕೇಳಿ. ಥಲಸ್ಸೀಮಿಯಾ ಮೈನರ್‌ನಿಂದ ಬರುವ ರಕ್ತಹೀನತೆ ಕಬ್ಬಿಣದ ಮಾತ್ರೆಯಿಂದ ಹೋಗುವುದಿಲ್ಲ.

ಪರೀಕ್ಷೆಗೆ ಸರಿಯಾದ ಸಮಯ ಮಾತು ಪಕ್ಕಾ ಆಗುವ ಮೊದಲು. ಹಾಲ್ ಬುಕ್ ಮಾಡಿ ಕಾಗದ ಹಂಚಿದ ಮೇಲೆ ವರದಿ ಬಂದರೆ ನಿಷ್ಠುರ ಹೇಳುವ ಧೈರ್ಯ ಯಾರಿಗೂ ಇರುವುದಿಲ್ಲ. ಕಾಲೇಜಿನಲ್ಲಿ ಓದುವಾಗಲೇ ಮಾಡಿಸಿಟ್ಟರೆ ಇನ್ನೂ ಒಳ್ಳೆಯದು. ಮದುವೆಯಾಗಿದ್ದರೆ ಗರ್ಭ ಧರಿಸುವ ಮೊದಲು, ಅದೂ ಆಗದಿದ್ದರೆ ಗರ್ಭಿಣಿಯ ಮೊದಲ ತಪಾಸಣೆಯಲ್ಲೇ ಮಾಡಿಸಿ. ಇಬ್ಬರೂ ವಾಹಕರೆಂದು ತಿಳಿದರೆ 11ನೆಯ ವಾರದ ಸುಮಾರಿಗೆ ಗರ್ಭದ ಪರೀಕ್ಷೆ ನಡೆಸಿ ಮಗುವಿನ ಸ್ಥಿತಿ ತಿಳಿಯಲು ಸಾಧ್ಯವಿದೆ. ಮುಂದಿನ ನಿರ್ಧಾರ ಸುಲಭದ್ದಲ್ಲ. ಮಗುವಿಗೆ ಗಂಭೀರ ದೋಷವಿರುವುದು ತಜ್ಞ ವೈದ್ಯರ ಸಮಿತಿಯಿಂದ ಖಚಿತವಾದರೆ, ತಂದೆ ತಾಯಿ ಬಯಸಿದರೆ, 120 ದಿನಗಳೊಳಗೆ ಗರ್ಭಪಾತಕ್ಕೆ ಅವಕಾಶವಿದೆ ಎಂದು ಮಕ್ಕಾದ ಫಿಕ್ಹ್ ಅಕಾಡೆಮಿ 1990ರಲ್ಲಿ ಅಭಿಪ್ರಾಯ ನೀಡಿದೆ. ಇದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ನಿಮ್ಮ ವೈದ್ಯರೊಡನೆ ಮತ್ತು ನಂಬಿಕೆಯ ಉಲಮಾ ಒಬ್ಬರೊಡನೆ ಕುಳಿತು ಮಾತನಾಡಿ. ನಿಕಾಹ್‌ಗೆ ಮೊದಲೇ ಪರೀಕ್ಷೆ ಮಾಡಿಸಿದವರಿಗೆ ಇಂತಹ ಸಂಕಟ ತಪ್ಪುತ್ತದೆ.

ಬೇರೆ ದೇಶಗಳು ಏನು ಮಾಡಿದವು?

ಇರಾನ್‌ನಲ್ಲಿ 1997ರಿಂದ ಮದುವೆ ನೋಂದಣಿಗೆ ಮೊದಲು ಥಲಸ್ಸೀಮಿಯಾ ಪರೀಕ್ಷೆ ಕಡ್ಡಾಯ. ಮೊದಲು ಹುಡುಗನ ರಕ್ತ ನೋಡುತ್ತಾರೆ. ಅವನಲ್ಲಿ ಅನುಮಾನ ಕಂಡರೆ ಮಾತ್ರ ಹುಡುಗಿಯದು. ಆ ದೇಶದಲ್ಲಿ ಥಲಸ್ಸೀಮಿಯಾ ಮೇಜರ್ ಮಕ್ಕಳ ಹುಟ್ಟು ಗಣನೀಯವಾಗಿ ಇಳಿದಿದೆ. ಸೌದಿ ಅರೇಬಿಯಾ 2004ರಲ್ಲಿ ಥಲಸ್ಸೀಮಿಯಾ ಮತ್ತು ಕುಡುಗೋಲು ಕಣ ರೋಗದ ಪರೀಕ್ಷೆಯನ್ನು ಮದುವೆಗೆ ಮುನ್ನ ಕಡ್ಡಾಯ ಮಾಡಿತು. ವರದಿ ಏನೇ ಬಂದರೂ ಮದುವೆಯಾಗುವ, ಬಿಡುವ ನಿರ್ಧಾರ ಮಾತ್ರ ಜೋಡಿಗೇ ಬಿಟ್ಟದ್ದು. ನಮ್ಮಲ್ಲಿ ಇಂತಹ ಕಡ್ಡಾಯವಿಲ್ಲ. ಆದರೆ ನಿಕಾಹ್ ಅರ್ಜಿ ಕೊಡುವಾಗಲೇ ಈ ಪರೀಕ್ಷೆಯ ಬಗ್ಗೆ ಎರಡು ಮಾತು ತಿಳಿಹೇಳಲು ಪ್ರತಿ ಜಮಾಅತ್‌ಗೂ ಸಾಧ್ಯ. ಖತೀಬರು ಒಂದು ಜುಮಾ ಭಾಷಣವನ್ನು ಇದಕ್ಕೆ ಮೀಸಲಿಟ್ಟರೆ ನೂರಾರು ಮನೆಗೆ ವಿಷಯ ತಲುಪುತ್ತದೆ.

ಮುಚ್ಚಿಡಬೇಡಿ, ಹಂಗಿಸಬೇಡಿ

ವಾಹಕ ಎಂಬುದು ರೋಗವಲ್ಲ, ಕಳಂಕವೂ ಅಲ್ಲ. ಮಗಳಿಗೆ ಮೈನರ್ ಇದೆ ಎಂದು ಗೊತ್ತಾದರೆ ಮೈನರ್ ಇಲ್ಲದ ಹುಡುಗನನ್ನು ನೋಡಿ, ಅಷ್ಟೇ. ಹುಡುಗನ ಕಡೆಯವರಿಗೆ ವಿಷಯ ಮುಚ್ಚಿಡಬೇಡಿ. ನಿಮಗೆ ಯಾರಾದರೂ ಹೇಳಿದರೆ ಅದನ್ನು ಅಮಾನತ್ ಎಂದು ತಿಳಿದು ಊರಲ್ಲಿ ಹರಡಬೇಡಿ. ಹೆಣ್ಣಿನ ವರದಿ ಮಾತ್ರ ಕೇಳಿ ಗಂಡಿನದ್ದನ್ನು ತೋರಿಸದಿರುವುದು ನ್ಯಾಯವಲ್ಲ.

ಎಲ್ಲ ತಕ್ದೀರ್, ಪರೀಕ್ಷೆಯಿಂದ ಏನಾಗುತ್ತದೆ ಎಂದು ಮನೆಯ ಹಿರಿಯರು ಕೇಳಬಹುದು. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಲು ಕಲಿಸಿದ ಪ್ರವಾದಿ(ಸ)ರ ಅನುಯಾಯಿಗಳು ನಾವು ಎಂದು ಅವರಿಗೆ ನೆನಪಿಸಿ.

ಮುಂದಿನ ಈದ್‌ಗೆ ಮನೆಮಂದಿ ಸೇರಿದಾಗ ಒಂದು ಹಾಳೆ ತೆಗೆದುಕೊಳ್ಳಿ. ಅಜ್ಜ ಅಜ್ಜಿ, ಅವರ ಮಕ್ಕಳು, ಮೊಮ್ಮಕ್ಕಳ ಹೆಸರು ಬರೆಯಿರಿ. ಯಾರಿಗೆ ರಕ್ತ ಕೊಡಿಸುತ್ತಿದ್ದರು, ಯಾವ ಮಗು ಎಳೆಯ ವಯಸ್ಸಿನಲ್ಲೇ ತೀರಿಕೊಂಡಿತು, ಯಾರಿಗೆ ಹುಟ್ಟು ಕಿವುಡು, ಯಾರದು ಸಂಬಂಧದೊಳಗಿನ ಮದುವೆ ಎಂದು ಹಿರಿಯರಲ್ಲಿ ಕೇಳಿ ಗುರುತು ಹಾಕಿ. ವೈದ್ಯರ ಬಳಿ ಹೋಗುವಾಗ ಆ ಹಾಳೆ ನಿಮ್ಮ ಕೈಯಲ್ಲಿರಲಿ.

ಇನ್ನೊಂದು ಮಾತು. ರಮಝಾನ್ ತಿಂಗಳಲ್ಲೂ ಥಲಸ್ಸೀಮಿಯಾ ಮಕ್ಕಳಿಗೆ ರಕ್ತ ಬೇಕು. ಉಪವಾಸದ ಹಗಲಲ್ಲಿ ರಕ್ತ ಕೊಡಲು ಆಗದವರು ರಮಝಾನ್‌ಗೆ ಮುನ್ನವೇ ಕೊಡಬಹುದು. ಇಫ್ತಾರ್ ನಂತರ ತೆರೆದಿರುವ ರಕ್ತನಿಧಿ ಹತ್ತಿರದಲ್ಲಿದ್ದರೆ ಚೆನ್ನಾಗಿ ಉಂಡು, ನೀರು ಕುಡಿದು ಅಲ್ಲಿಗೆ ಹೋಗಬಹುದು. ಯಾರದೋ ಮನೆಯ ಮಗುವಿಗೆ ಅದರಿಂದ ಇನ್ನೂ ಎರಡು ಮೂರು ವಾರ ಆಟವಾಡುವ ಶಕ್ತಿ ಸಿಗುತ್ತದೆ.