ಬೆಕ್ಕಿನ ಕಣ್ಣಿನ ಮೀನು

ಮೊಮ್ಮಗ ಕೊಟ್ಟ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ತೆಗೆದವನೇ ಎರಡು ಹೆಜ್ಜೆ ಹಿಂದೆ ಸರಿದೆ. ಒಳಗೆ ಒಂದು ಡಜನ್ ಜಿಗಣೆ! ತೀರ್ಥಹಳ್ಳಿ ಕಡೆಯ ಕಾಡಿನಲ್ಲಿ ಮಳೆಗಾಲವಿಡೀ ಕಾಲಿಗೆ ಹತ್ತಿದ ಇಂಬಳ ಕಿತ್ತುಕೊಂಡು ಓಡಾಡಿದವನು ನಾನು. ಅದನ್ನು ದುಡ್ಡು ಕೊಟ್ಟು ಕೊಳ್ಳುವ ಊರೂ ಇದೆಯೆಂದು ಎಪ್ಪತ್ತು ದಾಟಿದ ಮೇಲೆ ಗೊತ್ತಾಯಿತು.

“ಅಜ್ಜ, ಇದು ರಕ್ತ ಹೀರೋ ಜಾತಿಯಲ್ಲ. ವಾಲ್‌ಐ ಮೀನಿಗೆ ಇದಂದ್ರೆ ಪ್ರಾಣ,” ಎಂದು ಹನ್ನೊಂದು ವರ್ಷದ ಪೋರ ನನಗೇ ಧೈರ್ಯ ಹೇಳಿದ. ತಂಪಿನಲ್ಲಿದ್ದರೆ ಜಿಗಣೆ ಚುರುಕಾಗಿರುತ್ತದಂತೆ. ಹಾಗಾಗಿ ಡಬ್ಬಿ ಹಿಂದಿನ ರಾತ್ರಿ ಮಗಳ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕದಲ್ಲೇ ಇತ್ತು. ಅವಳಿಗೆ ಆಮೇಲೆ ಗೊತ್ತಾಯಿತು.

ನಾವು ಹೊರಟಿದ್ದು ಅಮೆರಿಕದ ಮಿನ್ನೆಸೋಟ ರಾಜ್ಯದ ಮಿಲ್ ಲ್ಯಾಕ್ಸ್ ಸರೋವರಕ್ಕೆ. ಮಿನಿಯಾಪೊಲಿಸ್‌ನ ಮಗಳ ಮನೆಯಿಂದ ಉತ್ತರಕ್ಕೆ ಸುಮಾರು ಎರಡು ಗಂಟೆಯ ದಾರಿ. ಸರೋವರದ ವಿಸ್ತಾರ 530 ಚದರ ಕಿಲೋಮೀಟರಿಗೂ ಹೆಚ್ಚು. ನಮ್ಮ ಲಿಂಗನಮಕ್ಕಿ ಹಿನ್ನೀರಿಗಿಂತ ದೊಡ್ಡದು. ಆದರೆ ಅತಿ ಆಳದ ಜಾಗವೂ 13 ಮೀಟರಿನಷ್ಟೇ. ತಟ್ಟೆಯಂಥ ಕೆರೆ, ಸ್ವಲ್ಪ ಗಾಳಿ ಬೀಸಿದರೂ ಅಲೆ ಏಳುತ್ತದೆ. ವಾಲ್‌ಐ 1965ರಿಂದ ಈ ರಾಜ್ಯದ ಮೀನು. ಎರಡು ಬೇಸಿಗೆಯಿಂದ ಪ್ರಯತ್ನಿಸಿದರೂ ಮೊಮ್ಮಗನ ಗಾಳಕ್ಕೆ ಒಂದೂ ಬಿದ್ದಿರಲಿಲ್ಲ. ನಾನು ಊರಿಗೆ ಮರಳಲು ನಾಲ್ಕೇ ದಿನ ಉಳಿದಿತ್ತು.

ಈ ಮೀನಿನ ಗುಟ್ಟೆಲ್ಲ ಅದರ ಕಣ್ಣಿನಲ್ಲಿದೆ. ಮಕ್ಕಳೇ, ಕತ್ತಲಲ್ಲಿ ಟಾರ್ಚ್ ಬಿಟ್ಟರೆ ಬೆಕ್ಕಿನ ಕಣ್ಣು, ಕೊಟ್ಟಿಗೆಯ ದನದ ಕಣ್ಣು ಹೊಳೆಯುವುದನ್ನು ನೋಡಿದ್ದೀರಲ್ಲವೇ? ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಪದರವೊಂದಿದ್ದು, ಒಳಗೆ ಬಂದ ಬೆಳಕನ್ನು ಮತ್ತೊಮ್ಮೆ ಬಳಸಿಕೊಳ್ಳುತ್ತದೆ. ವಾಲ್‌ಐಗೂ ಅಂಥದೇ ಪದರವಿದೆ. ಅದು ತಿನ್ನುವ ಪರ್ಚ್ ಎಂಬ ಮೀನಿಗೆ ಮಬ್ಬು ಬೆಳಕಿನಲ್ಲಿ ಕಣ್ಣು ಸರಿಯಾಗಿ ಕಾಣಿಸದು. ಹಾಗಾಗಿ ಮುಸ್ಸಂಜೆ, ನಸುಕು, ಮೋಡ ಕವಿದ ಹೊತ್ತೇ ವಾಲ್‌ಐನ ಬೇಟೆಯ ಸಮಯ. ಬಿಸಿಲಿಗೆ ಅದು ಆಳಕ್ಕೆ ಇಳಿಯುತ್ತದೆ. ಅಲೆಯೆದ್ದರೆ ಬೆಳಕು ಒಡೆದು ನೀರಿನೊಳಗೆ ಮಬ್ಬಾಗುತ್ತದೆ, ಆಗ ಹಗಲಲ್ಲೂ ಕಚ್ಚುವುದುಂಟು. ಕನ್ನಡಿಯಂತೆ ನಿಂತ ನೀರು ನೋಡಿ ನನಗೆ ಖುಷಿಯಾದರೆ, ದೋಣಿಯವರು ಮುಖ ಸಿಂಡರಿಸಿದ್ದು ಇದಕ್ಕೇ.

ಸಂಜೆ ಆರಕ್ಕೆ ಲಾಂಚ್ ಹತ್ತಿದೆವು. ಅಲ್ಲಿ ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಸುಮಾರಿಗೆ. ನೀರಿನಡಿ ಬಂಡೆಗಳ ದಿಬ್ಬವಿದ್ದಲ್ಲಿ ಲಂಗರು ಹಾಕಿದರು. ಕತ್ತಲಾಗುತ್ತಿದ್ದಂತೆ ಮೀನು ಆಳದಿಂದ ದಿಬ್ಬಕ್ಕೆ ಮೇಯಲು ಬರುತ್ತದೆ. ವಸಂತದಲ್ಲಿ ಸೀಸದ ತಲೆಯ ಕೊಕ್ಕೆಗೆ ಮರಿಮೀನು ಸಿಕ್ಕಿಸಿ ತಳದಲ್ಲಿ ಕುಣಿಸುತ್ತಾರೆ. ಕಡುಬೇಸಿಗೆಯಲ್ಲಿ ದೋಣಿ ಓಡಿಸುತ್ತಾ ಬಣ್ಣದ ನಕಲಿ ಮೀನು ಎಳೆಯುತ್ತಾರೆ. ನಮ್ಮದು ಜಾರುವ ಬೆಂಡಿನ ಗಾಳ, ನನಗೆ ತುಂಬ ಹಿಡಿಸಿತು.

ನಮ್ಮೂರ ಗಾಳದಲ್ಲಿ ಬೆಂಡನ್ನು ದಾರಕ್ಕೆ ಬಿಗಿದು ಕಟ್ಟುತ್ತಿದ್ದೆವು. ಹತ್ತಡಿ ಆಳಕ್ಕೆ ಬಿಡಬೇಕೆಂದರೆ ಹತ್ತಡಿ ದಾರ ಬೀಸಬೇಕು, ಅದು ಮರಕ್ಕೋ ಪಕ್ಕದವನ ಕಿವಿಗೋ ಸಿಕ್ಕಿಕೊಳ್ಳುತ್ತಿತ್ತು. ಇಲ್ಲಿ ಬೆಂಡು ದಾರದ ಮೇಲೆ ಮಣಿಯಂತೆ ಜಾರುತ್ತದೆ. ಬೇಕಾದ ಆಳಕ್ಕೆ ತಕ್ಕಂತೆ ದಾರದಲ್ಲೊಂದು ಪುಟ್ಟ ಗಂಟು. ಬೀಸುವಾಗ ಬೆಂಡು ಕೊಕ್ಕೆಯ ಹತ್ತಿರವೇ ಇರುತ್ತದೆ. ನೀರಿಗೆ ಬಿದ್ದ ಮೇಲೆ ಸೀಸದ ಗುಂಡು ದಾರವನ್ನು ಕೆಳಗೆಳೆಯುತ್ತದೆ, ಗಂಟು ಬಂದು ಬೆಂಡಿಗೆ ತಗುಲಿದಾಗ ನಿಲ್ಲುತ್ತದೆ. ಜಿಗಣೆ ಬಂಡೆಗಿಂತ ಒಂದಡಿ ಮೇಲೆ ತೇಲಬೇಕು. ಅದರ ಅಗಲವಾದ ತುದಿಗೆ ಕೊಕ್ಕೆ ಚುಚ್ಚಿದರೆ ಉಳಿದ ಮೈ ಬಳುಕುತ್ತಿರುತ್ತದೆ.

ಎಂಟೂವರೆಗೆ ಮೊಮ್ಮಗನ ಬೆಂಡು ಅದುರಿತು. “ಎಳಿಯೋ!” ಎಂದು ಕೂಗಿಬಿಟ್ಟೆ. ಅವನು ಎಳೆದ. ಬರಿ ಕೊಕ್ಕೆ ಬಂತು. ತುಂಗೆಯ ಪುಟ್ಟ ಮೀನುಗಳು ಎರೆಹುಳು ಕಿತ್ತುಕೊಂಡು ಓಡುತ್ತವೆ, ತಕ್ಷಣ ಎಳೆಯಲೇಬೇಕು. ವಾಲ್‌ಐ ಹಾಗಲ್ಲ, ಬೆಂಡು ಮುಳುಗಿದ ಮೇಲೂ ಕಾಯಬೇಕು, ಸಡಿಲ ದಾರ ಸುತ್ತಿ ಮೀನಿನ ಭಾರ ಕೈಗೆ ಸಿಕ್ಕಿದ ಮೇಲೆ ನಿಧಾನವಾಗಿ ಎತ್ತಬೇಕು. ಅವನಿಗದು ಗೊತ್ತಿತ್ತು. ಅಜ್ಜ ಹೇಳಿದನೆಂದು ಎಳೆದಿದ್ದ. ಒಂದು ಮಾತೂ ಆಡದೆ ಇನ್ನೊಂದು ಜಿಗಣೆ ಚುಚ್ಚಿದ. ನನಗೆ ಹೊಟ್ಟೆಯೊಳಗೆ ಸಂಕಟ.

ಸೂರ್ಯ ಮುಳುಗಿ ಹತ್ತು ನಿಮಿಷವಾಗಿತ್ತು. ಬೆಂಡು ಓರೆಯಾಗಿ ಮೆಲ್ಲಗೆ ಕೆಳಗಿಳಿಯಿತು. ನಾನು ಬಾಯಿಗೆ ಕೈ ಇಟ್ಟುಕೊಂಡೆ. ಅವನು ಕಾದ, ದಾರ ಸುತ್ತಿದ, ಎತ್ತಿದ. ಗಾಳದ ಕೋಲು ಬಿಲ್ಲಾಯಿತು. ಅಳಿಯ ಬಲೆಯೊಡ್ಡಿದರು. ಬಂಗಾರದ ಮೈ, ಬಾಲದ ಕೆಳತುದಿಯಲ್ಲಿ ಬಿಳಿ ಗುರುತು, ಗೋಲಿಯಂಥ ಕಣ್ಣು. 25 ಇಂಚು!

ಆದರೆ ಅದು ನಿಯಮದ ಅಳತೆ ಮೀರಿತ್ತು. ಈ ಸರೋವರದಲ್ಲಿ ವಾಲ್‌ಐ ಕಡಿಮೆಯಾಗಿ 2015ರ ಆಗಸ್ಟ್‌ನಲ್ಲಿ ಅದನ್ನು ಹಿಡಿಯುವುದನ್ನೇ ನಿಲ್ಲಿಸಿದ್ದರು. 2005ರಲ್ಲಿ ಇಲ್ಲಿ ಕಾಣಿಸಿಕೊಂಡ ಜೀಬ್ರಾ ಮಸೆಲ್ ಎಂಬ ಹೊರಗಿನ ಚಿಪ್ಪುಜೀವಿ ನೀರನ್ನು ಸೋಸಿ ತಿಳಿಯಾಗಿಸಿದ್ದೂ ಮಬ್ಬನ್ನು ಬಯಸುವ ಈ ಮೀನಿಗೆ ಒಳ್ಳೆಯದಾಗಲಿಲ್ಲ. ಇಲ್ಲಿನ ಮೂಲನಿವಾಸಿ ಒಜಿಬ್ವೆ ಜನರಿಗೆ 1837ರ ಒಪ್ಪಂದದಂತೆ ಮೀನು ಹಿಡಿಯುವ ಹಕ್ಕಿದೆ. 1999ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅವರಿಗೂ ರಾಜ್ಯಕ್ಕೂ ಪಾಲು ಹಂಚಿ, ಇಷ್ಟುದ್ದದ್ದನ್ನು ಮಾತ್ರ ಒಯ್ಯಬಹುದೆಂದು ನಿಗದಿ ಮಾಡುತ್ತಾರೆ.

“ಒಂದು ಫೋಟೊ,” ಎಂದ ಮೊಮ್ಮಗ. ಒದ್ದೆ ಕೈಯಲ್ಲೇ ಹಿಡಿದ. ಒಣ ಕೈ ತಾಗಿದರೆ ಮೈಯ ಲೋಳೆ ಹೋಗುತ್ತದೆ. ಹಲ್ಲು ಚೂಪಾದ್ದರಿಂದ ಬಾಯಿಗೆ ಬೆರಳಿಡಲಿಲ್ಲ. ಹೊಟ್ಟೆಗೆ ಕೈಯಾನಿಸಿ ನೀರಿಗಿಳಿಸಿದ. ನಾನು ಟಾರ್ಚ್ ಬಿಟ್ಟೆ. ಕಣ್ಣು ಒಮ್ಮೆ ಬೆಳ್ಳಗೆ ಹೊಳೆಯಿತು, ಬಾಲ ಬಡಿಯಿತು, ಹೋಯಿತು. ಅವನು ಬಹಳ ಹೊತ್ತು ನೀರನ್ನೇ ನೋಡುತ್ತಿದ್ದ.

ನಡುರಾತ್ರಿ ಮನೆಗೆ ಬಂದಾಗ ಮಗಳು, “ಅಪ್ಪಯ್ಯ, ಮಸಾಲೆ ಅರೆದಿಟ್ಟಿದ್ದೆ, ಮೀನೆಲ್ಲಿ?” ಎಂದಳು. ಮೊಮ್ಮಗ ಫೋಟೊ ತೋರಿಸಿದ. ಉಳಿದ ಜಿಗಣೆಗಳನ್ನು ಕೆರೆಗೆ ಸುರಿಯುವಂತಿಲ್ಲವೆಂದು ಡಬ್ಬಿ ವಾಪಸ್ ತಂದಿದ್ದೆವು. ಅವಳು ಅತ್ತ ತಿರುಗಿದಾಗ ನಾನು ಮೆಲ್ಲಗೆ ಫ್ರಿಜ್ಜಿನ ಬಾಗಿಲು ತೆರೆದೆ. ಊರಿಗೆ ಹೊರಡಲು ಇನ್ನೂ ನಾಲ್ಕು ದಿನವಿತ್ತಲ್ಲ.