ಹೆಚ್ಚಾದ ಹಾಲನ್ನು ಹೊರದೇಶಕ್ಕೆ ಕಳಿಸಬಾರದೇ?



ಮುಂಗಾರು ಹಿಡಿದು ಬದುಗಳಲ್ಲಿ ಹಸಿರು ಎದ್ದ ಮೇಲೆ ಸಂಘಗಳಿಗೆ ಬರುವ ಹಾಲು ಏರುತ್ತದೆ. ಪೇಟೆಯಲ್ಲಿ ಕುಡಿಯುವವರ ಸಂಖ್ಯೆ ಅದೇ ವೇಗದಲ್ಲಿ ಏರುವುದಿಲ್ಲ. ಖರೀದಿ ದರ ಇಳಿಯುವ ಮಾತು ಹುಟ್ಟುವುದೂ ಆಗಲೇ. ಆಗ ವಾರ್ಷಿಕ ಸಭೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬರಾದರೂ ಎದ್ದು ಕೇಳುತ್ತಾರೆ: "ಹೆಚ್ಚಾದದ್ದನ್ನು ಪುಡಿ ಮಾಡಿ ಹೊರದೇಶಕ್ಕೆ ಕಳಿಸಿ, ನಮಗೆ ಯಾಕೆ ದರ ಇಳಿಸುತ್ತೀರಿ?" ನ್ಯಾಯವಾದ ಪ್ರಶ್ನೆ. ಇದಕ್ಕೆ ಅರ್ಧ ಉತ್ತರ ಲೋಕದ ಮಾರುಕಟ್ಟೆಯಲ್ಲಿದೆ, ಇನ್ನರ್ಧ ನಮ್ಮ ಕೊಟ್ಟಿಗೆಯಲ್ಲಿದೆ.

ಮೊದಲು ಲೆಕ್ಕ. ಜಿಡ್ಡು 3.5, ಎಸ್‌ಎನ್‌ಎಫ್ 8.5 ಇರುವ 100 ಲೀಟರ್ ಹಸುವಿನ ಹಾಲಿನಿಂದ 4 ಕಿಲೋಗಿಂತ ಸ್ವಲ್ಪ ಹೆಚ್ಚು ಬೆಣ್ಣೆ, ಎಂಟೂವರೆಯಿಂದ ಒಂಬತ್ತು ಕಿಲೋ ಕೆನೆರಹಿತ ಪುಡಿ ಸಿಗುತ್ತದೆ. ಹಾಗಾಗಿ ಪುಡಿಯ ಬೆಲೆ ಕಿಲೋಗೆ 10 ರೂಪಾಯಿ ಇಳಿದರೆ, ಪುಡಿಗೆ ಹೋದ ಪ್ರತಿ ಲೀಟರ್ ಹಾಲಿನ ಮೇಲೆ 85ರಿಂದ 90 ಪೈಸೆ ಕಳೆದಂತೆ. 50 ರೂಪಾಯಿ ಇಳಿದರೆ ಲೀಟರಿಗೆ ನಾಲ್ಕು ರೂಪಾಯಿಗೂ ಹೆಚ್ಚು. ದಿನಕ್ಕೆ ಒಂದು ಲಕ್ಷ ಲೀಟರ್ ಹಾಲನ್ನು ಪುಡಿಗೆ ಕಳಿಸುವ ಒಕ್ಕೂಟಕ್ಕೆ ಅದು ದಿನವೊಂದಕ್ಕೆ ನಾಲ್ಕು ಲಕ್ಷ ರೂಪಾಯಿಯ ಮಾತು. ಆ ಹೊರೆ ಕೊನೆಗೆ ಬಂದು ಕೂರುವುದು ನಮ್ಮ ಬಟವಾಡೆಯ ಮೇಲೆ.

ಪುಡಿಯ ಬೆಲೆಯನ್ನು ನಿರ್ಧರಿಸುವವರು ಯಾರು? ಈ ಮಾತು ಅರಕಲಗೂಡು ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹೊಗೆಸೊಪ್ಪಿನ ಬೇಲು ತೆಗೆದುಕೊಂಡು ಹೋದವರಿಗೆ ಗೊತ್ತು, ಆ ವರ್ಷ ಬ್ರೆಜಿಲ್, ಜಿಂಬಾಬ್ವೆಗಳಲ್ಲಿ ಬೆಳೆ ಹೇಗಾಯಿತು ಎಂಬುದರ ಮೇಲೆ ಇಲ್ಲಿನ ಕೂಗು ಏರಿಳಿಯುತ್ತದೆ ಎಂದು. ಹಾಲಿನ ಪುಡಿಗೂ ಅಂಥದ್ದೊಂದು ಹರಾಜು ಇದೆ. 2008ರಲ್ಲಿ ನ್ಯೂಜಿಲೆಂಡಿನ ಫೊಂಟೆರಾ ಎಂಬ ರೈತರ ಸಹಕಾರಿ ಸಂಸ್ಥೆ ಶುರು ಮಾಡಿದ ಗ್ಲೋಬಲ್ ಡೇರಿ ಟ್ರೇಡ್, ತಿಂಗಳಿಗೆ ಎರಡು ಬಾರಿ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಅಲ್ಲಿ ನಿಂತ ಬೆಲೆಯೇ ಲೋಕಕ್ಕೆ ಅಳತೆಗೋಲು.

2013-14ರಲ್ಲಿ ಈ ಬೆಲೆ ಟನ್ನಿಗೆ 4,000 ಡಾಲರ್ ದಾಟಿತ್ತು. ಅಂದಿನ ಲೆಕ್ಕದಲ್ಲಿ ಕಿಲೋಗೆ 240 ರೂಪಾಯಿಯ ಆಸುಪಾಸು. ಆ ವರ್ಷ ಭಾರತದಿಂದ ಒಂದು ಲಕ್ಷ ಟನ್ನಿಗೂ ಹೆಚ್ಚು ಪುಡಿ ಹೊರಗೆ ಹೋಯಿತು. ಮುಂದೆ ಆದದ್ದನ್ನು ನೋಡಿ. ಚೀನಾ ಖರೀದಿ ತಗ್ಗಿಸಿತು. 2014ರ ಆಗಸ್ಟಿನಲ್ಲಿ ರಷ್ಯಾ ದೇಶ ಯುರೋಪಿನ ಆಹಾರ ಪದಾರ್ಥಗಳಿಗೆ ಬಾಗಿಲು ಹಾಕಿತು. 1984ರಿಂದ ಯುರೋಪಿನ ರೈತರು ಇಷ್ಟೇ ಹಾಲು ಹಾಕಬೇಕು ಎಂದು ಇದ್ದ ಮಿತಿ 2015ರ ಮಾರ್ಚ್ 31ಕ್ಕೆ ಮುಗಿಯಿತು. ಮೂರೂ ಸೇರಿ, 2015-16ರ ಹೊತ್ತಿಗೆ ಬೆಲೆ 2,000 ಡಾಲರಿಗಿಂತ ಕೆಳಗೆ ಬಿತ್ತು. ಕಿಲೋಗೆ 130 ರೂಪಾಯಿಯೂ ಕಷ್ಟ. ಮೇಲಿನ ಲೆಕ್ಕ ಹಾಕಿದರೆ ಲೀಟರಿಗೆ ಒಂಬತ್ತು ರೂಪಾಯಿಗೂ ಹೆಚ್ಚಿನ ಇಳಿತ. ನಮ್ಮ ರಫ್ತು ಕೆಲವೇ ವರ್ಷಗಳಲ್ಲಿ ಬಹುಪಾಲು ಕರಗಿತು, ದೇಶದ ಗೋದಾಮುಗಳಲ್ಲಿ ಪುಡಿಯ ಚೀಲ ಪೇರಿಸಿದ್ದೇ ಬಂತು. 2018ರಲ್ಲಿ ಕೇಂದ್ರ ಸರ್ಕಾರ ಪುಡಿ ರಫ್ತಿಗೆ ಪ್ರೋತ್ಸಾಹಧನ ಕೊಟ್ಟಿತು. ಆದರೆ ಲೋಕದಲ್ಲೇ ಬೆಲೆ ಇಲ್ಲದಾಗ ಪ್ರೋತ್ಸಾಹಧನ ಎಷ್ಟು ದೂರ ತಳ್ಳೀತು?

ಹೆಚ್ಚಾದಾಗ ಕಳಿಸುವುದು ಎಂಬುದರಲ್ಲಿರುವ ತೊಡಕು ಇದೇ. ನಮ್ಮಲ್ಲಿ ಹೆಚ್ಚಾದಾಗ ಬೇರೆಯವರಲ್ಲೂ ಹೆಚ್ಚಾಗಿರುತ್ತದೆ. ಅಂಥ ಕಾಲದಲ್ಲೂ ಮಾರಬಲ್ಲವರು ಕಡಿಮೆ ಖರ್ಚಿನಲ್ಲಿ ಹಾಲು ತೆಗೆಯುವವರು, ಮತ್ತು ವರ್ಷ ವರ್ಷವೂ ತಪ್ಪದೆ ಕೊಡುತ್ತಾ ಬಂದವರು. ಎರಡನೆಯದರಲ್ಲಿ ನಾವೇ ಎಡವಿದ್ದೂ ಉಂಟು. 2011ರ ಫೆಬ್ರವರಿಯಲ್ಲಿ ದೇಶದೊಳಗೆ ಹಾಲಿನ ದರ ಏರಿದ್ದಕ್ಕೆ ಕೇಂದ್ರವು ಪುಡಿ ಮತ್ತು ಕೇಸಿನ್ ರಫ್ತನ್ನು ನಿಲ್ಲಿಸಿತು. ತೆರೆದದ್ದು 2012ರ ಜೂನ್‌ನಲ್ಲಿ. ಪೇಟೆಯ ಗ್ರಾಹಕರ ದೃಷ್ಟಿಯಿಂದ ಅದಕ್ಕೊಂದು ಕಾರಣ ಇದ್ದಿರಬಹುದು. ಆದರೆ ಒಂದೂವರೆ ವರ್ಷ ಅಂಗಡಿ ಮುಚ್ಚಿದವನ ಹತ್ತಿರ ಹಳೆಯ ಗಿರಾಕಿ ಕಾಯುತ್ತಾ ಕೂರುವುದಿಲ್ಲ.

ಖರ್ಚಿನ ವಿಷಯಕ್ಕೆ ಬರೋಣ. ನ್ಯೂಜಿಲೆಂಡಿನಲ್ಲಿ ಕರೆದ ಹಾಲಿನ ನೂರಕ್ಕೆ 95 ಪಾಲು ಹೊರದೇಶಕ್ಕೇ ಹೋಗುತ್ತದೆ. ಒಬ್ಬೊಬ್ಬ ರೈತನ ಹತ್ತಿರ ಸರಾಸರಿ ನಾನ್ನೂರಕ್ಕೂ ಹೆಚ್ಚು ಹಸು. ಅವು ಬಯಲಲ್ಲಿ ಮೇಯುತ್ತವೆ, ಹುಲ್ಲು ಚಿಗುರುವ ಕಾಲಕ್ಕೆ ಸರಿಯಾಗಿ ಹೆಚ್ಚುಕಡಿಮೆ ಒಟ್ಟಿಗೇ ಕರು ಹಾಕುತ್ತವೆ. ಕೊಂಡು ತಂದು ಹಾಕುವ ಮೇವು ಕಡಿಮೆ. ನಮ್ಮಲ್ಲಿ ಎರಡು ಮೂರು ಹಸು, ಹಾಲಿನ ಖರ್ಚಿನ ದೊಡ್ಡ ಪಾಲು ಹಿಂಡಿ, ಬೂಸಾ, ಪಶು ಆಹಾರಕ್ಕೇ ಹೋಗುತ್ತದೆ. ಅದಕ್ಕೇ ನಮ್ಮ ಪುಡಿ ಸಾಮಾನ್ಯವಾಗಿ ಲೋಕದ ಬೆಲೆಗಿಂತ ದುಬಾರಿ. ಹೊರಗಿನ ಪುಡಿ ಒಳಬಂದರೆ ನಮಗೆ ಉಳಿಗಾಲವಿಲ್ಲ ಎಂಬ ಆತಂಕದಿಂದಲೇ ದೇಶದ ಹಾಲು ಸಹಕಾರಿಗಳು ಆರ್‌ಸಿಇಪಿ ಒಪ್ಪಂದವನ್ನು ವಿರೋಧಿಸಿದ್ದು. 2019ರ ನವೆಂಬರ್ 4ರಂದು ಭಾರತ ಅದರಿಂದ ಹಿಂದೆ ಸರಿಯಿತು. ಹೊರಗಿನ ಪುಡಿಯ ಮೇಲೆ ಇರುವ 60 ಶೇಕಡಾ ಸುಂಕ ನಮಗೆ ಬೇಲಿ. ಆದರೆ ಬೇಲಿ ಒಳಗಿನ ಬೆಳೆ ಕಾಯುತ್ತದೆಯೇ ಹೊರತು ಹೊರಗೆ ಹೋಗಿ ಮಾರಿಕೊಡುವುದಿಲ್ಲ.

ಇಷ್ಟು ಓದಿ, ಹಾಗಾದರೆ ರಫ್ತಿನ ಮಾತೇ ಬೇಡ ಎನ್ನಬೇಡಿ. ನ್ಯೂಜಿಲೆಂಡ್ ನಮಗೆ ಹೋಲಿಕೆಯಲ್ಲ. ಹತ್ತಿರದ ಹೋಲಿಕೆ ಬೇಕಾದರೆ ದಕ್ಷಿಣ ಅಮೆರಿಕದ ಉರುಗ್ವೆ ನೋಡಿ. ಸುಮಾರು 35 ಲಕ್ಷ ಜನರ ದೇಶ. ಅಲ್ಲಿಯ ದೊಡ್ಡ ಡೇರಿ ಕೊನಪ್ರೋಲೆ ನಮ್ಮ ಹಾಗೇ ರೈತರ ಸಹಕಾರಿ, 1936ರಲ್ಲಿ ಹುಟ್ಟಿದ್ದು. 2001ರಲ್ಲಿ ಆ ದೇಶಕ್ಕೆ ಕಾಲುಬಾಯಿ ಜ್ವರ ಬಡಿಯಿತು, ಮಾರುಕಟ್ಟೆಗಳು ಮುಚ್ಚಿದವು. ಅವರು ಇಡೀ ದೇಶದ ದನಗಳಿಗೆ ಲಸಿಕೆ ಹಾಕಿ ರೋಗ ಹತ್ತಿಕ್ಕಿದರು. 2006ರಿಂದ ಪ್ರತಿ ದನಕ್ಕೂ ಕಿವಿ ಬಿಲ್ಲೆ ಕಡ್ಡಾಯ ಮಾಡಿದರು. ಯಾವ ದನ ಎಲ್ಲಿ ಹುಟ್ಟಿತು, ಎಲ್ಲಿಗೆ ಹೋಯಿತು ಎಂದು ಕೊಳ್ಳುವವನಿಗೆ ತೋರಿಸಬಲ್ಲರು. ಇಂದು ಬ್ರೆಜಿಲ್, ಅಲ್ಜೀರಿಯಾ ಅವರ ದೊಡ್ಡ ಗಿರಾಕಿಗಳು.

ನಮಗೂ ಆ ಬಿಲ್ಲೆ ಬಂದಿದೆ: 12 ಅಂಕಿಯ ಹಳದಿ ಬಿಲ್ಲೆ. ಕಿವಿ ಹರಿಯುತ್ತದೆ, ನೊಣ ಕೂರುತ್ತದೆ ಎಂದು ಕೆಲವರು ಕಿತ್ತು ಹಾಕುವುದುಂಟು. ಕಾಲುಬಾಯಿ ಜ್ವರ ಎಂಥದ್ದು ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. 2013ರಲ್ಲಿ ಹಳೇ ಮೈಸೂರು ಸೀಮೆಯ ಊರೂರಲ್ಲಿ ಕರೆಯುವ ಹಸುಗಳನ್ನು ಹೂತವರು ನಾವು. 2019ರಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದ ಲಸಿಕೆಯನ್ನು ಒಂದು ಸುತ್ತೂ ತಪ್ಪಿಸದೆ ಹಾಕಿಸುವುದು ಮೊದಲಿಗೆ ನಮ್ಮ ಹಸುವಿಗಾಗಿ. ರೋಗವಿರುವ ದೇಶದ ಹಾಲು ಬೇಡ ಎನ್ನುವ ದೊಡ್ಡ ಮಾರುಕಟ್ಟೆಗಳು ತೆರೆಯಬೇಕಾದರೆ ಆ ಲಸಿಕೆಯೇ ಕೀಲಿಕೈ. ಲಸಿಕೆ ಹಾಕಿದ ಒಂದೆರಡು ದಿನ ಹಾಲು ಸ್ವಲ್ಪ ಇಳಿಯಬಹುದು, ಅದಕ್ಕೆ ಹೆದರಿ ಹಸುವನ್ನು ತೋಟಕ್ಕೆ ಅಟ್ಟಬೇಡಿ.

ಇನ್ನು ಹಾಲಿನೊಳಗಿನ ವಿಷಯ. ನಮ್ಮ ಜಿಲ್ಲೆಯಲ್ಲೇ ಗರ್ಕಿನ್ ಎನ್ನುವ ಮಿಡಿಸೌತೆ ಬೆಳೆದವರನ್ನು ಕೇಳಿ. ಬೆಳೆದದ್ದೆಲ್ಲ ಹೊರದೇಶಕ್ಕೆ ಹೋಗುವ ಬೆಳೆ ಅದು. ಕಂಪನಿಯವರು ಬೀಜದ ಜೊತೆಗೆ ಯಾವ ಔಷಧಿ ಹೊಡೆಯಬಹುದು, ಯಾವುದು ಕೂಡದು ಎಂಬ ಪಟ್ಟಿಯನ್ನೂ ಕೊಡುತ್ತಾರೆ. ಕೊಳ್ಳುವವನು ಅಲ್ಲಿ ಪರೀಕ್ಷೆ ಮಾಡಿ ಬೇಡ ಎಂದರೆ ಪೀಪಾಯಿಗಟ್ಟಲೆ ಮಾಲು ವಾಪಸ್. ಎಕರೆ, ಅರ್ಧ ಎಕರೆಯ ರೈತರು ಅಷ್ಟು ಕಟ್ಟುನಿಟ್ಟನ್ನು ಪಾಲಿಸಿದ್ದಾರೆ. ಸಣ್ಣ ರೈತರಿಂದ ಇದು ಆಗದು ಎನ್ನುವ ಮಾತು ಅಲ್ಲಿಗೇ ಸುಳ್ಳಾಯಿತು.

ಹಾಲಿನಲ್ಲಿ ಹುಡುಕುವುದು ಮುಖ್ಯವಾಗಿ ಎರಡನ್ನು. ಮೊದಲನೆಯದು ಅಫ್ಲಾಟಾಕ್ಸಿನ್, ಬೂಷ್ಟಿನ ವಿಷ. ಮಳೆಗೆ ನೆಂದ ಮುಸುಕಿನ ಜೋಳ, ಗಾಳಿಯಾಡದೆ ಇಟ್ಟ ಕಡಲೆಕಾಯಿ ಹಿಂಡಿ, ಹತ್ತಿಬೀಜದ ಹಿಂಡಿಗಳಲ್ಲಿ ಇದು ಬೆಳೆಯುತ್ತದೆ. ಬೂಷ್ಟು ಹಿಡಿದದ್ದನ್ನು ಮನುಷ್ಯ ತಿನ್ನುವುದಿಲ್ಲ, ದನಕ್ಕೆ ಹಾಕೋಣ ಎನ್ನುತ್ತೇವೆ. ಹಸು ತಿಂದ ಮರುದಿನವೇ ಅದರ ಒಂದಂಶ ಹಾಲಿಗೆ ಬರುತ್ತದೆ. ಕುದಿಸಿದರೆ ಹೋಗುವುದಿಲ್ಲ. ನಮ್ಮ ದೇಶದ ಕಾನೂನಿನಲ್ಲಿ ಹಾಲಿಗೆ ಇದರ ಮಿತಿ ಕಿಲೋಗೆ 0.5 ಮೈಕ್ರೋಗ್ರಾಂ, ಅಂದರೆ ನೂರು ಕೋಟಿ ಭಾಗದಲ್ಲಿ ಅರ್ಧ ಭಾಗ. ಯುರೋಪಿನಲ್ಲಿ ಅದರ ಹತ್ತನೇ ಒಂದು ಪಾಲು, 0.05. ಸಮಾಧಾನದ ಸಂಗತಿಯೆಂದರೆ, ಆ ಮೇವು ನಿಲ್ಲಿಸಿದ ಎರಡು ನಾಲ್ಕು ದಿನಗಳಲ್ಲಿ ಹಾಲು ಶುದ್ಧವಾಗುತ್ತದೆ. ಜೋಳವನ್ನು ಚೆನ್ನಾಗಿ ಒಣಗಿಸಿ, ಚೀಲಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಟ್ಟರೆ ಮುಕ್ಕಾಲು ಕೆಲಸ ಆದಂತೆ.

ಎರಡನೆಯದು ಆಂಟಿಬಯೋಟಿಕ್. ಕೆಚ್ಚಲುಬಾವು ಬಂದ ಹಸುವಿಗೆ ಇಂಜೆಕ್ಷನ್ ಕೊಟ್ಟು, ಮೊಲೆಗೆ ಟ್ಯೂಬ್ ಏರಿಸಿ, ಸಂಜೆಯ ಹಾಲನ್ನು ಡೇರಿಗೆ ಹಾಕಿದರೆ ಆ ಔಷಧಿ ಬಿಎಂಸಿಗೆ ಸೇರುತ್ತದೆ. ಒಂದು ಹಸುವಿನ ಹಾಲು ಇಡೀ ಟ್ಯಾಂಕನ್ನು ಕೆಡಿಸಬಹುದು. ಇದರ ಅನುಭವ ಮನೆಯಲ್ಲೇ ಇದೆ: ಔಷಧಿ ಕೊಟ್ಟ ಹಸುವಿನ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಕೂರುವುದಿಲ್ಲ. ಚನ್ನರಾಯಪಟ್ಟಣದ ನಂದಿನಿ ಹೈಟೆಕ್ ಉತ್ಪನ್ನ ಘಟಕದಂಥ ಕಡೆ ಪುಡಿ ಮಾಡುವಾಗ ಹೋಗುವುದು ನೀರು ಮಾತ್ರ. ಹನ್ನೊಂದು ಹನ್ನೆರಡು ಲೀಟರಿನ ಘನಾಂಶ ಒಂದು ಕಿಲೋಗೆ ಇಳಿಯುವಾಗ ಬೇಡದ್ದೂ ಅದರ ಜೊತೆಗೆ ಇಳಿಯುತ್ತದೆ.

ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಹಾಲು ಹಾಕಬಾರದು ಎಂದು ಪೊಟ್ಟಣದ ಮೇಲೆ ಬರೆದಿರುತ್ತದೆ. ಹಲವು ಔಷಧಿಗಳಿಗೆ ಅದು ಮೂರು ದಿನ ಅಥವಾ ಹೆಚ್ಚು. ದಿನಕ್ಕೆ 10 ಲೀಟರ್ ಕೊಡುವ ಹಸುವಾದರೆ ಮೂರು ದಿನಕ್ಕೆ 30 ಲೀಟರ್. ಲೀಟರಿಗೆ 35 ರೂಪಾಯಿ ಹಿಡಿದರೂ 1,050 ರೂಪಾಯಿ. ಡಾಕ್ಟರ ಖರ್ಚು ಬೇರೆ. ಹೊಳೆನರಸೀಪುರದ ಹಳ್ಳಿಯಲ್ಲಿ ಎರಡು ಹಸು ಕಟ್ಟಿದ ತಾಯಿಗೆ ಇದು ಸಣ್ಣ ಮೊತ್ತವಲ್ಲ. ಲಾಭ ಎಲ್ಲರಿಗೆ, ನಷ್ಟ ಅವರೊಬ್ಬರಿಗೆ ಎಂದಾದರೆ ಹಾಲು ಬಚ್ಚಿಟ್ಟು ಹಾಕುವವರೂ ಇರುತ್ತಾರೆ. ನಿಜ ಹೇಳಿ ಹಾಲು ತಡೆದವರಿಗೆ ಸಂಘದಿಂದಲೋ ಒಕ್ಕೂಟದಿಂದಲೋ ಒಂದಿಷ್ಟು ಭರ್ತಿ ಸಿಗಬೇಕು ಎಂಬುದು ಈ ಲೇಖಕನ ಅಭಿಪ್ರಾಯ. ಸಭೆಗಳಲ್ಲಿ ಇದನ್ನೂ ಕೇಳಿ.

ಪುಡಿಗಿಂತ ತುಪ್ಪದಲ್ಲಿ ನಮಗೆ ದಾರಿ ಸಲೀಸು ಎಂಬುದನ್ನೂ ಹೇಳಬೇಕು. ಪುಡಿಗೆ ಊರಿಲ್ಲ, ಅಗ್ಗವಾದದ್ದನ್ನೇ ಕೊಳ್ಳುತ್ತಾರೆ. ದುಬೈಯಲ್ಲೋ ಅಮೆರಿಕದಲ್ಲೋ ಇರುವ ನಮ್ಮವರು ಹೋಳಿಗೆಗೆ ಹುಡುಕುವುದು ನಮ್ಮ ತುಪ್ಪದ ಪರಿಮಳವನ್ನೇ. 2024ರ ಟಿ-20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್ ಆಟಗಾರರ ಅಂಗಿಯ ಮೇಲೆ ನಂದಿನಿ ಹೆಸರು ಕಂಡು ಖುಷಿಪಟ್ಟೆವು. ಹೆಸರು ನೋಡಿ ಡಬ್ಬಿ ಕೈಗೆತ್ತಿಕೊಂಡವರು ಎರಡನೇ ಸಲ ಕೊಳ್ಳಬೇಕಾದರೆ ಡಬ್ಬಿಯೊಳಗಿನದು ಪರೀಕ್ಷೆಯಲ್ಲಿ ಪಾಸಾಗಬೇಕು.

ಕೆಚ್ಚಲುಬಾವಿಗೆ ಮೊದಲ ಹಂತದಲ್ಲೇ ಮಾಡಬಹುದಾದ ಮನೆಮದ್ದೊಂದನ್ನು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಪ್ರಚಾರ ಮಾಡುತ್ತಿದೆ: 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ ಪುಡಿ, 15 ಗ್ರಾಂ ಸುಣ್ಣ ಸೇರಿಸಿ ರುಬ್ಬಿ, ಕೆಚ್ಚಲು ತೊಳೆದು ಒರೆಸಿ, ಸ್ವಲ್ಪ ಸ್ವಲ್ಪವೇ ನೀರಲ್ಲಿ ತೆಳುವಾಗಿಸಿ ದಿನಕ್ಕೆ ಎಂಟು ಹತ್ತು ಸಲ, ಐದು ದಿನ ಹಚ್ಚುವುದು. ಪ್ರತಿದಿನ ಹೊಸದಾಗಿ ರುಬ್ಬಬೇಕು. ಬಾವು ಗಟ್ಟಿಯಾಗಿದ್ದರೆ, ಹಸುವಿಗೆ ಜ್ವರವಿದ್ದರೆ, ಹಾಲಿನಲ್ಲಿ ರಕ್ತ ಕಂಡರೆ ಕಾಯಬೇಡಿ, ಪಶುವೈದ್ಯರನ್ನು ಕರೆಸಿ. ಔಷಧಿ ಬರೆದಾಗ ಹಾಲು ಎಷ್ಟು ದಿನ ತಡೆಯಬೇಕು ಎಂದು ಅವರನ್ನೇ ಕೇಳಿ, ಆ ದಿನಾಂಕವನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡಿ.