ಊರಂಚಿನ ರಸ್ತೆಯಲ್ಲಿ ರುಚಿ ಹುಡುಕುತ್ತ

ಬೆಂಗಳೂರಿನ ಹೊರವರ್ತುಲ ರಸ್ತೆಯಾಚೆ ಬೆಳೆದಿರುವ ಬಡಾವಣೆಗಳಲ್ಲಿ ಒಳ್ಳೆಯ ತಿಂಡಿ, ಊಟ ಸಿಗುವುದಿಲ್ಲ, ಅದಕ್ಕೆ ಬಸವನಗುಡಿಗೋ ಮಲ್ಲೇಶ್ವರಕ್ಕೋ ಹೋಗಬೇಕು ಎಂದು ಅಲ್ಲಿ ಮನೆ ಮಾಡಿರುವವರೇ ಹೇಳುತ್ತಾರೆ. ನನಗೆ ಆ ಮಾತು ಒಪ್ಪಿಗೆಯಾಗಿರಲಿಲ್ಲ. ಅಷ್ಟು ಜನ ಅಲ್ಲಿ ಬದುಕುತ್ತಿರುವಾಗ ಅವರ ನಾಲಗೆಗೆ ಬೇಕಾದದ್ದು ಎಲ್ಲೋ ಬೇಯುತ್ತಲೇ ಇರಬೇಕಲ್ಲ? ಮಾಗಿಯ ಒಂದು ದಿನ, ಅಂಥದೊಂದು ಬಡಾವಣೆಯ ಮುಖ್ಯರಸ್ತೆಯನ್ನು ಬೆಳಗಿನಿಂದ ರಾತ್ರಿಯವರೆಗೆ ನಡೆದೇ ನೋಡಿದೆ. ಮೊಬೈಲಿನಲ್ಲಿ ನಕ್ಷತ್ರ ಎಣಿಸುವ ಗೋಜಿಗೆ ಹೋಗಲಿಲ್ಲ. ಯಾರು ತಿನ್ನುತ್ತಿದ್ದಾರೆ, ಯಾವ ಹೊತ್ತಿಗೆ ಬರುತ್ತಾರೆ, ಏನು ಮೊದಲು ಖಾಲಿಯಾಗುತ್ತದೆ, ಇಷ್ಟನ್ನು ಗಮನಿಸುತ್ತ ಹೋದೆ.

ರಸ್ತೆ ಶುರುವಾಗುವುದು ಬಸ್ಸಿನ ಕೊನೆಯ ನಿಲ್ದಾಣದಿಂದ. ಪಕ್ಕದಲ್ಲಿ ಅರಳಿಕಟ್ಟೆ, ಆಂಜನೇಯನ ಗುಡಿ, ಹಾಲಿನ ಡೇರಿ. ಹಳೆಯ ಹಳ್ಳಿಯ ಪೈಕಿ ಉಳಿದಿರುವುದು ಇಷ್ಟೆ. ಕಟ್ಟೆಗೆ ಎದುರಾಗಿ ಎರಡು ತಿಂಡಿ ಅಂಗಡಿಗಳು. ಒಂದರ ಫಲಕ ದೊಡ್ಡದು: ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಚೈನೀಸ್, ಜ್ಯೂಸ್, ಚಾಟ್ಸ್. ಇನ್ನೊಂದಕ್ಕೆ ಸೀಮೆಸುಣ್ಣದಲ್ಲಿ ಬರೆದ ಕರಿಹಲಗೆ ಮಾತ್ರ: ತಟ್ಟೆ ಇಡ್ಲಿ, ವಡೆ, ಖಾರಾಬಾತ್, ಚಿತ್ರಾನ್ನ, ಕಾಫಿ, ಟೀ. ಗಾರ್ಮೆಂಟ್ಸ್ ವ್ಯಾನಿಗೆ ಕಾಯುವ ಹೆಂಗಸರು, ಆಟೊದವರು, ಪೇಪರ್ ಹಾಕುವ ಹುಡುಗರು, ಎಲ್ಲರೂ ಎರಡನೆಯದರ ಮುಂದೆ ನಿಂತಿದ್ದರು. ನಾನೂ ಅಲ್ಲೇ ನಿಂತೆ.

ನಿಂತು ತಿನ್ನುವ ದರ್ಶಿನಿ 1980ರ ದಶಕದಲ್ಲಿ ಜಯನಗರದಲ್ಲಿ ಹುಟ್ಟಿದ್ದು. ಕುರ್ಚಿ ಇಲ್ಲ, ಮಾಣಿ ಇಲ್ಲ, ಚೀಟಿ ತೆಗೆದುಕೊಂಡು ಕೈಗೇ ತಟ್ಟೆ. ಈ ಪುಟ್ಟ ಅಂಗಡಿಯೂ ಅದೇ ಕ್ರಮದ್ದು, ಆದರೆ ಗ್ರಾನೈಟ್ ಮೇಜುಗಳ ಬದಲಿಗೆ ಮೋರಿಯ ಮೇಲಿನ ಚಪ್ಪಡಿ. ಇಡ್ಲಿ ಮೆತ್ತಗಿತ್ತು, ಒಳಗೆ ಅಂಟಿರಲಿಲ್ಲ. ಹಿಟ್ಟಿಗೆ ಅವಲಕ್ಕಿ ಸೇರಿಸಿದ್ದರೋ ಸಬ್ಬಕ್ಕಿಯೋ, ತಿಂದು ಹೇಳುವುದು ಕಷ್ಟವಾಯಿತು. ಆದರೆ ನನ್ನ ಮನಸ್ಸು ಗೆದ್ದದ್ದು ಚಟ್ನಿ. ಏಳೂಕಾಲಿಗೆ ಚಟ್ನಿಯ ಪಾತ್ರೆ ತಳ ಕಂಡಿತು. ನೀರು ಬೆರೆಸಿ ದೂಡಬಹುದಿತ್ತು. ಹಾಗೆ ಮಾಡದೆ ಸಾಲಿನಲ್ಲಿದ್ದವರಿಗೆ ಐದು ನಿಮಿಷ ನಿಲ್ಲಿ ಎಂದರು, ಒಳಗೆ ಮಿಕ್ಸಿ ತಿರುಗಿತು. ಕೆಲಸಕ್ಕೆ ಹೊತ್ತಾಗುತ್ತಿದ್ದವರೂ ಕಾದರು. ಅಷ್ಟು ನೋಡಿದ ಮೇಲೆ ಬೇರೆ ಶಿಫಾರಸು ಬೇಕಾಗಲಿಲ್ಲ.

ಮುಂದೆ ನಾಲ್ಕು ಹೆಜ್ಜೆಗೆ ಕಾಫಿಪುಡಿಯ ಅಂಗಡಿ. ಘಮ ಮೊದಲು ಬಂತು, ಅಂಗಡಿ ಆಮೇಲೆ ಕಂಡಿತು. ದೇಶದ ಕಾಫಿಯಲ್ಲಿ ಸುಮಾರು 70 ಭಾಗ ಕೊಡಗು, ಚಿಕ್ಕಮಗಳೂರು, ಹಾಸನದಿಂದಲೇ ಬರುವಾಗ ಬಡಾವಣೆಗೊಂದು ಗ್ರೈಂಡರ್ ಇರುವುದು ಆಶ್ಚರ್ಯವಲ್ಲ. ನೋಡಬೇಕಾದದ್ದು ಅವರು ಚಿಕೋರಿಯ ಬಗ್ಗೆ ಹೇಗೆ ಮಾತಾಡುತ್ತಾರೆ ಎಂಬುದನ್ನು. ಕಾನೂನಿನ ಪ್ರಕಾರ ಚಿಕೋರಿ 49 ಭಾಗದವರೆಗೂ ಇರಬಹುದು. ಪೊಟ್ಟಣದಲ್ಲಿ ಮಾರುವ ಎಷ್ಟೋ ಪುಡಿಗಳು ಆ ಗಡಿಗೆ ಹತ್ತಿರದಲ್ಲೇ ಇರುತ್ತವೆ. ಇಲ್ಲಿಯ ಹುಡುಗ ನನ್ನನ್ನು ಕೇಳಿದ: "ಎಂಬತ್ತು ಇಪ್ಪತ್ತೋ, ಪ್ಯೂರೋ? ಬ್ರಾಸ್ ಫಿಲ್ಟರೋ, ಸ್ಟೀಲೋ?" ಫಿಲ್ಟರಿನ ತೂತು ದೊಡ್ಡದಿದ್ದರೆ ಪುಡಿ ತರಿಯಾಗಿರಬೇಕು, ಅದಕ್ಕೇ ಆ ಎರಡನೆಯ ಪ್ರಶ್ನೆ. ಕೇಳಿದಷ್ಟೇ ಬೀಜ ಅಳೆದು, ಎದುರಿಗೇ ಬೀಸಿ, ಬಿಸಿಯಿರುವಾಗಲೇ ಕಾಗದದ ಪೊಟ್ಟಣಕ್ಕೆ ಹಾಕಿದ.

ಎಂಟೂವರೆಯ ಹೊತ್ತಿಗೆ ರಸ್ತೆಯ ಎಡಕ್ಕೆ ಅವರೆಕಾಯಿಯ ರಾಶಿಗಳು ಬಿದ್ದಿದ್ದವು. ಮಾಗಡಿ ಕಡೆಯಿಂದ ಬಂದ ಟೆಂಪೊ ಆಗಷ್ಟೇ ಇಳಿಸಿ ಹೋಗಿತ್ತು. ಹಳೆಯ ಹಳ್ಳಿಯ ಮನೆಗಳ ಹೆಂಗಸರು ಕಾಯಿ ಹಿಡಿದು ಮೂಸಿ ನೋಡುತ್ತಿದ್ದರು. ಸೊಗಡು ಇದ್ದರೆ ಬೆರಳಿಗೆ ಜಿಡ್ಡು ಅಂಟುತ್ತದೆ, ಸಿಪ್ಪೆಯ ವಾಸನೆ ಕೈ ತೊಳೆದರೂ ಹೋಗುವುದಿಲ್ಲ. ಸ್ವಲ್ಪ ಆಚೆ ಮೂವರು ಕುಳಿತು ನೆನೆಸಿದ ಕಾಳನ್ನು ಹಿತುಕುತ್ತಿದ್ದರು, ಹಿತುಕಿದ ಬೇಳೆಯನ್ನು ಸೇರಿನಲ್ಲಿ ಅಳೆದು ಮಾರುತ್ತಿದ್ದರು. ಅಪಾರ್ಟ್‌ಮೆಂಟಿನವರು ಹಿತುಕಿದ್ದನ್ನು ಒಯ್ಯುತ್ತಾರೆ, ಹಳಬರು ಕಾಯಿಯನ್ನೇ ಒಯ್ಯುತ್ತಾರೆ. ಡಿಸೆಂಬರ್, ಜನವರಿಯ ಚಳಿಯ ಇಬ್ಬನಿ ಬಿದ್ದ ಕಾಯಿಗಿರುವ ರುಚಿ ಬೇರೆ ತಿಂಗಳಲ್ಲಿ ಬರುವ ಅವರೆಗೆ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಅಲ್ಲಿಂದ ಬಲಕ್ಕೆ ತಿರುಗಿದರೆ ಗಾಣ. ಎತ್ತಿನದಲ್ಲ, ಮೋಟಾರಿನದು, ಆದರೆ ಒರಳೂ ಒನಕೆಯೂ ಮರದವೇ. ಶೇಂಗಾಬೀಜ ಸುರಿದು ಅರ್ಧ ಗಂಟೆಯ ಮೇಲೆ ಒನಕೆ ನಿಧಾನವಾಗಿ ತಿರುಗುತ್ತಲೇ ಇತ್ತು. ನಿಧಾನವಾದ್ದರಿಂದಲೇ ಎಣ್ಣೆ ಹೆಚ್ಚು ಬಿಸಿಯಾಗುವುದಿಲ್ಲ, ಬೀಜದ ಘಮ ಉಳಿಯುತ್ತದೆ. ಒಂದು ಲೀಟರ್ ಎಣ್ಣೆಗೆ ಹೆಚ್ಚುಕಡಿಮೆ ಎರಡೂವರೆ ಕಿಲೊ ಬೀಜ ಬೇಕು. ಬೀಜದ ಬೆಲೆ ಗೊತ್ತಿದ್ದವರು ಲೆಕ್ಕ ಹಾಕಬಹುದು. 'ಗಾಣದ ಎಣ್ಣೆ' ಎಂಬ ಚೀಟಿ ಅಂಟಿಸಿಕೊಂಡ ಬಾಟಲಿ ಅದಕ್ಕಿಂತ ಅಗ್ಗಕ್ಕೆ ಸಿಕ್ಕರೆ ಅನುಮಾನಿಸಲೇಬೇಕು. ಇಲ್ಲಿ ಡ್ರಮ್ಮಿನಲ್ಲಿ ಎಣ್ಣೆ ಮಡ್ಡಿ ಕೂರಲು ಬಿಟ್ಟಿದ್ದರು. ಇವತ್ತಿನದನ್ನೇ ಕೊಡಿ ಎಂದು ಒಬ್ಬರು ಕೇಳಿದಾಗ, ಮಡ್ಡಿ ಕೂರದೆ ಕೊಟ್ಟರೆ ಬೇಗ ಕೆಡುತ್ತದೆ, ನಾಳಿದ್ದು ಬನ್ನಿ ಎಂದು ಕಳಿಸಿದರು. ಕುಸುಬೆ, ಹುಚ್ಚೆಳ್ಳು, ಕೊಬ್ಬರಿ ಎಣ್ಣೆಗಳೂ ಇದ್ದವು. ಹುಚ್ಚೆಳ್ಳೆಣ್ಣೆ ಕೇಳುವವರು ಯಾರು ಎಂದೆ. "ಹಾಸನ, ಮೈಸೂರು ಕಡೆ ಹಳ್ಳಿಯಿಂದ ಬಂದಿರೋರು" ಎಂಬ ಉತ್ತರ ಬಂತು.

ಆ ಉತ್ತರ ಉಳಿದ ನಡಿಗೆಗೆಲ್ಲ ದಾರಿ ತೋರಿತು. ಬಡಾವಣೆಗೆ ಯಾವ ಊರಿನವರು ಬಂದು ನೆಲೆಸಿದ್ದಾರೆ ಎಂದು ತಿಳಿದರೆ ಅಲ್ಲಿ ಯಾವುದು ಚೆನ್ನಾಗಿರುತ್ತದೆ ಎಂಬುದು ಅರ್ಧ ತಿಳಿದಂತೆ. ತನ್ನೂರಿನವರಿಗೆ ಬಡಿಸುವವನು ರುಚಿ ಕೆಡಿಸಿದರೆ ಮಾರನೆಯ ದಿನವೇ ಗಿರಾಕಿ ಕಳೆದುಕೊಳ್ಳುತ್ತಾನೆ.

ಮಧ್ಯಾಹ್ನದ ಊಟಕ್ಕೆ ಮೂರು ದಾರಿಗಳಿದ್ದವು. ಆಂಧ್ರ ಮೆಸ್ಸಿನಲ್ಲಿ ಪಪ್ಪು, ಗೋಂಗೂರ, ಪುಡಿಗೆ ತುಪ್ಪ. ಕಂಪನಿಯ ಗುರುತಿನ ಚೀಟಿ ಕೊರಳಲ್ಲಿದ್ದವರೇ ಹೆಚ್ಚು. ಮಿಲಿಟರಿ ಹೋಟೆಲಿನಲ್ಲಿ ಮುದ್ದೆ, ಬೋಟಿ, ಕಾಲ್ ಸೂಪು. ಹೊರಗೆ ಬೈಕುಗಳ ಸಾಲು. ಎರಡನ್ನೂ ಇಣುಕಿ ನೋಡಿ, ಒಳರಸ್ತೆಯ ಮೂರನೆಯದಕ್ಕೆ ಹೋದೆ. ಅದು ಖಾನಾವಳಿ. ಮನೆಯ ಕೆಳಗಿನ ಕಾರ್ ನಿಲ್ಲಿಸುವ ಜಾಗಕ್ಕೆ ತಗಡಿನ ಮರೆ, ಆರು ಮೇಜು. ಫಲಕದಲ್ಲಿ ಬಿಸಿ ರೊಟ್ಟಿ ಊಟ ಎಂದಷ್ಟೇ ಇತ್ತು.

ಹೊಸ್ತಿಲಲ್ಲೇ ರೊಟ್ಟಿ ತಟ್ಟುವ ಸಪ್ಪಳ ಕೇಳಿಸಿತು. ಒಳಗೆ ಇಬ್ಬರು ತಾಯಂದಿರು. ಒಬ್ಬರು ಕುದಿಯುವ ನೀರಿಗೆ ಹಿಟ್ಟು ಹಾಕಿ ನಾದುತ್ತಿದ್ದರು. ಜೋಳದಲ್ಲಿ ಗೋಧಿಯ ಜಿಗುಟಿಲ್ಲ. ಬಿಸಿನೀರು ಪಿಷ್ಟವನ್ನು ಅರೆಬರೆ ಬೇಯಿಸಿ ಅಂಟು ತರಿಸದಿದ್ದರೆ ತಟ್ಟುವಾಗ ಅಂಚು ಒಡೆಯುತ್ತದೆ. ಇನ್ನೊಬ್ಬರು ತಟ್ಟಿ, ಹಂಚಿಗೆ ಹಾಕಿ, ಮೇಲ್ಮೈಗೆ ಒದ್ದೆಬಟ್ಟೆ ಸವರಿ, ತಿರುವಿ, ಕೊನೆಗೆ ಉರಿಗೇ ಒಡ್ಡಿದರು. ರೊಟ್ಟಿ ಉಬ್ಬಿತು. ಒಲೆಯಿಂದ ಎಲೆಗೆ ಬರಲು ಅರ್ಧ ನಿಮಿಷವೂ ಹಿಡಿಯಲಿಲ್ಲ.

ಎಲೆಯಲ್ಲಿ ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಝುಣಕ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆನೆಮೊಸರು, ಹಸಿ ಈರುಳ್ಳಿ, ಮೆಂತ್ಯೆಸೊಪ್ಪು. ನಾನು ಮೊದಲು ಚಟ್ನಿಗಳಿಗೆ ಕೈ ಹಾಕಿದೆ. ಬೆಂಗಳೂರಿನ ಎಷ್ಟೋ ಕಡೆ 'ಉತ್ತರ ಕರ್ನಾಟಕ ಶೈಲಿ' ಎಂದರೆ ಬರೀ ಖಾರ ಸುರಿಯುತ್ತಾರೆ. ಇಲ್ಲಿ ಬಣ್ಣ ಕಡುಗೆಂಪು, ಖಾರ ಮಿತ. ಅದು ಬ್ಯಾಡಗಿ ಮೆಣಸಿನಕಾಯಿಯ ಗುಣ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಆ ಸುಕ್ಕುಸುಕ್ಕಾದ ಕಾಯಿ ಬಣ್ಣಕ್ಕೇ ಹೆಸರಾದದ್ದು. ಹೊಸ ಕಾಯಿ ಪೇಟೆಗೆ ಬರುವ ಕಾಲ ಇದು, ಮೂಲೆಯಲ್ಲಿ ಒಂದು ಚೀಲ ತೆರೆದಿಟ್ಟಿದ್ದರು. ಗುರೆಳ್ಳಿನ ಚಟ್ನಿ ಒಂದಿಷ್ಟೂ ಕಹಿಯಿರಲಿಲ್ಲ. ಹುರಿಯುವಾಗ ಒಂದು ಗಳಿಗೆ ಮೀರಿದರೂ ಅದು ಕಹಿಯಾಗುತ್ತದೆ, ಹಾಗಾಗಿ ನಾನು ಖಾನಾವಳಿಯನ್ನು ಅಳೆಯುವುದು ಅದರಿಂದಲೇ. ಎಣ್ಣೆಗಾಯಿಯಲ್ಲಿ ಮಾತ್ರ ಎಣ್ಣೆ ತುಸು ಮುಂದಾಗಿತ್ತು.

ಎದುರಿನ ಮೇಜಿನಲ್ಲಿ ಕಟ್ಟಡದ ಕೆಲಸದವರು, ಮೈಮೇಲೆ ಸಿಮೆಂಟಿನ ಧೂಳು. ಮಾತು ಕೇಳಿದರೆ ಕಲಬುರಗಿ, ಯಾದಗಿರಿ ಕಡೆಯವರು ಅನಿಸಿತು. ಅವರಲ್ಲೊಬ್ಬರು ಎರಡನೆಯ ರೊಟ್ಟಿಯನ್ನು ಹಿಂದಕ್ಕೆ ಕಳಿಸಿದರು, ಆರಿದೆ ಎಂದು. ತಾಯಿ ಮರುಮಾತಿಲ್ಲದೆ ಬೇರೆ ತಂದಿಟ್ಟರು. ಈ ಅಪಾರ್ಟ್‌ಮೆಂಟುಗಳನ್ನೆಲ್ಲ ಕಟ್ಟಿದವರು ಅವರು. ಅವರಿಗಾಗಿ ಶುರುವಾದ ಈ ಒಲೆಯಲ್ಲಿ ಈಗ ಅಪಾರ್ಟ್‌ಮೆಂಟಿನವರೂ ಬಂದು ಉಣ್ಣುತ್ತಾರೆ. ಹೊರಡುವಾಗ ಖಡಕ್ ರೊಟ್ಟಿಯ ಕಟ್ಟು ಕೊಂಡೆ. ಪೂರ್ತಿ ಒಣಗಿಸಿದ್ದಾದ್ದರಿಂದ ವಾರಗಟ್ಟಲೆ ಇರುತ್ತದೆ, ಜೊತೆಗೆ ಚಟ್ನಿಪುಡಿ ಇದ್ದರೆ ಸಾಕು.

ಮುಖ್ಯರಸ್ತೆಗೆ ಮರಳಿದರೆ ಮಂಗಳೂರು ಸ್ಟೋರ್ಸ್. ಚಿಕ್ಕ ಅಂಗಡಿ, ನೆಲದಿಂದ ಮಾಡಿನವರೆಗೆ ಸಾಮಾನು: ಕುಸುಬಲಕ್ಕಿಯ ಚೀಲ, ಕೋರಿ ರೊಟ್ಟಿ, ಹಪ್ಪಳ, ಬಾಳೆಹಣ್ಣಿನ ಹಲ್ವ, ಬೂದಿಬಣ್ಣದ ಪಟ್ಟೆಯ ಮಂಗಳೂರು ಸೌತೆ. ಬುಟ್ಟಿಯಲ್ಲಿ ತಿಳಿಹಸಿರಿನ, ತೊಟ್ಟಿನಲ್ಲಿ ಸಣ್ಣ ಮುಳ್ಳಿದ್ದ ಮಟ್ಟುಗುಳ್ಳ. ಉಡುಪಿಯ ಹತ್ತಿರದ ಮಟ್ಟು ಎಂಬ ಊರಿನ ಆಸುಪಾಸಿನಲ್ಲಿ ಬೆಳೆಯುವ ಬದನೆ ಇದು, ಭೌಗೋಳಿಕ ಗುರುತು ಇದಕ್ಕೂ ಇದೆ. ಎಲ್ಲ ಗುಳ್ಳವೂ ಮಟ್ಟುವಿನದಲ್ಲ. ಬುಟ್ಟಿಯಲ್ಲಿದ್ದದ್ದು ನಿಜವಾಗಿ ಎಲ್ಲಿಯದೆಂದು ನೋಟದಿಂದ ನಾನು ಹೇಳಲಾರೆ. ಮೀನು ಬರುವುದು ರಾತ್ರಿ ಬಸ್ಸಿನಲ್ಲಿ, ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಮಂಜುಗಡ್ಡೆಯ ನಡುವೆ. ಬೇಕಾದವರು ಹಿಂದಿನ ದಿನವೇ ಬಂಗುಡೆಯೋ ಬೂತಾಯಿಯೋ ಹೇಳಿಟ್ಟಿರಬೇಕು. ಜೂನ್, ಜುಲೈಯಲ್ಲಿ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಎರಡು ತಿಂಗಳು ಆ ಪೆಟ್ಟಿಗೆ ಬರುವುದು ಅಪರೂಪ. ಇಲ್ಲ ಎಂದಾಗ ಇಲ್ಲ ಎನ್ನುವ ಅಂಗಡಿಯೆಂದರೆ ನನಗೆ ನಂಬಿಕೆ.

ನಾಲ್ಕು ಗಂಟೆಗೆ ಅಯ್ಯಂಗಾರ್ ಬೇಕರಿ. ಬೆಂಗಳೂರಿನ ಈ ಬೇಕರಿಗಳ ಬೇರು ಹಾಸನ ಜಿಲ್ಲೆಯ ಹಳ್ಳಿಗಳಲ್ಲಿದೆ, ಮೊದಲನೆಯದು ಚಿಕ್ಕಪೇಟೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಶುರುವಾಯಿತು. ಈಗ ಆ ಹೆಸರಿಲ್ಲದ ಬೀದಿಯೇ ಇಲ್ಲ, ಆದ್ದರಿಂದ ಹೆಸರು ನೋಡಿ ಒಳಗೆ ಹೋಗುವುದರಲ್ಲಿ ಅರ್ಥವಿಲ್ಲ. ಒಲೆ ಹಿಂದೆಯೇ ಇದೆಯೋ, ಬೇರೆಡೆಯಿಂದ ತಟ್ಟೆಗಳು ಬರುತ್ತವೆಯೋ ನೋಡಬೇಕು. ಇಲ್ಲಿ ಒಲೆ ಹಿಂದೆಯೇ ಇತ್ತು. ಖಾರಾ ಬನ್ ಹೊರಬಂದ ಹತ್ತು ನಿಮಿಷಕ್ಕೆ ತಟ್ಟೆ ಬರಿದಾಯಿತು. ಈರುಳ್ಳಿ, ಸಬ್ಬಸಿಗೆ, ಹಸಿಮೆಣಸಿನಕಾಯಿ, ಒಳಗೆ ಇನ್ನೂ ಹಬೆ. ದಿಲ್‌ಪಸಂದ್ ಪರವಾಗಿಲ್ಲ. ಕೇಕುಗಳನ್ನು ಬಿಟ್ಟುಬಿಡಬಹುದು.

ಸಂಜೆ ಪೀಜಿಗಳ ರಸ್ತೆ. ಮೊಮೊ, ಎಗ್ ರೋಲ್, ಗೋಬಿ, ಪಾನಿಪುರಿ, ಗದ್ದಲ ಜಾಸ್ತಿ. ಒಂದು ಬಂಗಾಳಿ ಸಿಹಿಯಂಗಡಿಯಲ್ಲಿ ಮಣ್ಣಿನ ಕುಡಿಕೆಯ ಮಿಷ್ಟಿ ದೊಯಿ ಮಾತ್ರ ನಿಲ್ಲಿಸಿತು. ಬೆಲ್ಲದ ಬಣ್ಣ, ಚಮಚ ಹಾಕಿದರೆ ಕಡಿದು ನಿಲ್ಲುವ ಗಟ್ಟಿತನ. ಕುಡಿಕೆ ನೀರು ಹೀರುವುದರಿಂದಲೇ ಆ ಗಟ್ಟಿ; ಪ್ಲಾಸ್ಟಿಕ್ ಡಬ್ಬಿಯದು ಹಾಗಿರುವುದಿಲ್ಲ.

ರಸ್ತೆ ಮುಗಿಯುವಲ್ಲಿ, ಟೆಕ್ ಪಾರ್ಕಿನ ಗೋಡೆಗೆ ಹೊಂದಿಕೊಂಡು, ಬ್ರೂವರಿ. ಬೆಂಗಳೂರಿನಲ್ಲಿ ತಾವೇ ಬಿಯರ್ ಕುದಿಸಿ ಅಲ್ಲೇ ಬಡಿಸುವ ಇಂಥ ಜಾಗಗಳು ತೆರೆಯತೊಡಗಿದ್ದು 2010ರ ಆಸುಪಾಸಿನಲ್ಲಿ, ಮೊದಲು ನಗರದ ನಡುವೆ. ಆಮೇಲೆ ದೊಡ್ಡ ತೊಟ್ಟಿಗಳಿಗೂ ವಾಹನ ನಿಲ್ಲಿಸುವುದಕ್ಕೂ ಜಾಗವಿರುವ ಹೊರವಲಯಕ್ಕೆ ಹಬ್ಬಿದವು. ಗಾಜಿನ ಗೋಡೆಯಾಚೆ ಸ್ಟೀಲಿನ ತೊಟ್ಟಿಗಳು ಕಾಣುತ್ತಿದ್ದವು. ಜನ ಇನ್ನೂ ಸೇರಿರಲಿಲ್ಲ, ಬಿಯರ್ ತಯಾರಿಸುವ ಹುಡುಗಿ ಹತ್ತಿರ ಕರೆದು ತೋರಿಸಿದರು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಒಡೆದು 65 ಡಿಗ್ರಿ ಆಸುಪಾಸಿನ ಬಿಸಿನೀರಿನಲ್ಲಿ ಸುಮಾರು ಒಂದು ಗಂಟೆ ಇಟ್ಟರೆ ಪಿಷ್ಟ ಸಕ್ಕರೆಯಾಗುತ್ತದೆ. ಸೋಸಿ, ಹಾಪ್ಸ್ ಹಾಕಿ ಕುದಿಸಿ, ತಣಿಸಿ, ಯೀಸ್ಟ್ ಬೆರೆಸುತ್ತಾರೆ. ಏಲ್ ಬಗೆಯದು 20 ಡಿಗ್ರಿಯ ಹತ್ತಿರ ಒಂದು ವಾರ ಹುದುಗುತ್ತದೆ, ಲಾಗರಿಗೆ ಅದಕ್ಕಿಂತ ಹೆಚ್ಚು ತಂಪು, ಹೆಚ್ಚು ದಿನ ಬೇಕು. ರಸ ತೆಗೆದ ಬಾರ್ಲಿಯ ಚರಟ ಬೇಗ ಹುಳಿಯುತ್ತದೆ. ಅಂದಂದೇ ಹತ್ತಿರದ ಹಳ್ಳಿಗಳ ದನಗಳಿಗೆ ಹೋಗುತ್ತದಂತೆ.

ಪುಟ್ಟ ಲೋಟಗಳಲ್ಲಿ ರುಚಿ ನೋಡಲು ಕೊಟ್ಟರು. ಗೋಧಿ ಬಿಯರಿನಲ್ಲಿ ಬಾಳೆಹಣ್ಣು, ಲವಂಗದ ಘಮ ಸ್ಪಷ್ಟವಾಗಿತ್ತು. ಎರಡನ್ನೂ ಹಾಕಿರುವುದಿಲ್ಲ, ಯೀಸ್ಟ್ ತಾನಾಗಿ ಹುಟ್ಟಿಸುವ ಪರಿಮಳ ಅದು. ಸೋಸದೆ ಬಡಿಸುವುದರಿಂದ ಮಸುಕು. ರಾಗಿಯದೂ ಇತ್ತು. ಬಣ್ಣ ಚೆಂದ, ಆದರೆ ರಾಗಿಯ ರುಚಿಯನ್ನು ಹುಡುಕಿ ಸೋತೆ. ಹುರಿದ ಮಾಲ್ಟ್ ಅದನ್ನು ಮುಚ್ಚಿರಬೇಕು. ಊರ ಧಾನ್ಯವನ್ನು ಹಾಕಿದ ಮೇಲೆ ಅದು ನಾಲಗೆಗೆ ತಿಳಿಯಬೇಕು ಎಂದು ನಾನು ಹೇಳಿದೆ. ಮುಂದಿನ ಬಾರಿ ರಾಗಿಯನ್ನೂ ಮೊಳಕೆ ಬರಿಸಿ ಹಾಕಿ ನೋಡುವ ಯೋಚನೆಯಿದೆ ಎಂದರು ಅವರು. ಈ ಜಾಗಕ್ಕೆ ಹೋಗುವವರು ವಾರದ ನಡುವೆ, ಸಂಜೆ ಏಳರೊಳಗೆ ಹೋಗಲಿ. ಸಂಗೀತದ ಅಬ್ಬರ ಶುರುವಾಗಿರುವುದಿಲ್ಲ, ಯಾವ ತೊಟ್ಟಿ ಯಾವತ್ತು ತುಂಬಿದ್ದೆಂದು ಕೇಳಿದರೆ ಹೇಳುವವರು ಎದುರಿಗೇ ಇರುತ್ತಾರೆ.